ಏಳು ಕೊಪ್ಪರಿಗೆಗಳ ಸಾಕ್ಷಿ

ಲಿಯೋನೆಲ್ ಒಗೆಯುವ ಕಲ್ಲಿನ ಮೇಲೆ ತನ್ನ ಆಫೀಸಿನ ಚೀಲವನ್ನು ಮಗುಚಿ ಹಾಕಿ ಸಾಬೂನು ತಿಕ್ಕುತ್ತಿದ್ದಾಗ ಹರಿದ ಅಸ್ತರಿನೊಳಗಿಂದ ಒಂದು ಲಕೋಟೆ ಇಣುಕಿತು. ಅಂಚೆಚೀಟಿ ಹಚ್ಚಿ, ಅಂಟಿಸಿ, ವಿಳಾಸ ಬರೆದದ್ದು: 'ಅಪೊಲೋನಿಯಾ ಬಾಯಿ, ಕಾಪು'. ಏಪ್ರಿಲಿನಲ್ಲಿ ಅಂಚೆಗೆ ಹಾಕಬೇಕಾಗಿದ್ದ ಕಾಗದ. ಈಗ ಸೆಪ್ಟೆಂಬರ್.

"ಎಂತ ಆಯ್ತು? ಮುಖ ಹಳಸಿದ ಬಂಗುಡೆಯ ಹಾಗೆ ಆಯ್ತಲ್ಲ?" ಹೆಂಡತಿ ಸೆಲೀನ್ ಬಾಗಿಲಿಂದ ಕೇಳಿದಳು.

"ಎಂತ ಇಲ್ಲ ಮಾರಾಯ್ತಿ," ಎಂದು ಲಕೋಟೆಯನ್ನು ಒದ್ದೆ ಕೈಯಲ್ಲೇ ಜೇಬಿಗೆ ತುರುಕಿದ.

ಲಿಯೋನೆಲ್ ಕಡಿಯಾಳಿಯ ಒಂದು ಆಡಿಟ್ ಆಫೀಸಿನಲ್ಲಿ ಕೂದಲು ಹಣ್ಣು ಮಾಡಿಕೊಂಡ ಗುಮಾಸ್ತ. ಕಾರ್ಕಳದ ಮದುವೆ ಅಡುಗೆಯ ಕಂಟ್ರಾಕ್ಟುದಾರ ಸುಂದರ ಈ ಆಫೀಸಿನ ಗಿರಾಕಿ. ಸುಂದರನ ಏಳು ತಾಮ್ರದ ಕೊಪ್ಪರಿಗೆಗಳು, ಕಡಲ ಬದಿಯ ಮದುವೆಗಳಿಗೆ ಹತ್ತಿರವಾಗಲೆಂದು, ಕಾಪುವಿನ ಮುದುಕಿ ಅಪೊಲೋನಿಯಾ ಬಾಯಿಯ ಕೊಟ್ಟಿಗೆಯಲ್ಲಿರುತ್ತಿದ್ದವು. ಅವು ನಿಜವಾಗಿ ಅಲ್ಲಿವೆಯೇ ಎಂದು ವರ್ಷಕ್ಕೊಮ್ಮೆ ಕಾಗದ ಬರೆದು ಕೇಳಿ, ಬಾಯಿಯ ಉತ್ತರ ತರಿಸಿ ಫೈಲಿಗೆ ಹಾಕುವುದು ಲಿಯೋನೆಲನ ಕೆಲಸ.

ಇವತ್ತೇ ಹಾಕಿದರಾಯ್ತು ಎಂದುಕೊಂಡು ಆಫೀಸಿಗೆ ಬಂದರೆ, ಕಂಪ್ಯೂಟರಿನ ಮುಂದಿದ್ದ ಚೈತಾಲಿ, "ಸರ್, ಸುಂದರ ಅವರ ಫೈಲ್ ಮುಗೀತು. ಕಾಪುವಿನ ಉತ್ತರವೂ ಉಂಟು. ನಿಮ್ಮದೊಂದು ರುಜು ಆದ್ರೆ ಸಂಜೆ ಕೀರ್ತನ್ ಸರ್ ಸೈನ್ ಮಾಡ್ತಾರೆ," ಎಂದಳು.

ಉತ್ತರ! ಲಿಯೋನೆಲ್ ಕನ್ನಡಕ ಏರಿಸಿ ಓದಿದ. 'ತಮ್ಮ ಕಾಗದ ತಲುಪಿತು. ಏಳೂ ಕೊಪ್ಪರಿಗೆಗಳು ಸುಸ್ಥಿತಿಯಲ್ಲಿವೆ.' ತಲುಪಿದ ಆ ಕಾಗದ ಅವನ ಜೇಬಿನಲ್ಲಿ ಸಾಬೂನಿನ ಪರಿಮಳ ಬೀರುತ್ತಿತ್ತು.

"ಇದು ಯಾರು ಬರೆದದ್ದು?"

"ಎಐ ಸರ್. ಕಾಗದ ಹೋಗಿದೆ ಅಂತ ನೀವೇ ಟಿಕ್ ಹಾಕಿದ್ದೀರಲ್ಲ? ಉತ್ತರದ ಜಾಗ ಖಾಲಿ ಇತ್ತು, ಹಳೇದೆಲ್ಲ ನೋಡಿ ತುಂಬಿಸಿತು. ಚಂದ ಬರೀತದೆ ಅಲ್ವಾ?"

ಲಿಯೋನೆಲ್ ಪೆನ್ನು ತೆಗೆದ. ಈ ಉತ್ತರ ಸುಳ್ಳೆಂದರೆ ತನ್ನ ಟಿಕ್ಕೂ ಸುಳ್ಳೆಂದು ಒಪ್ಪಬೇಕು. ಕೆಲಸವೇ ಹೋದೀತು. ಸುಮ್ಮನೆ ರುಜು ಹಾಕೋಣವೆಂದರೆ ಕೈಯಲ್ಲಿರುವುದು ದೊಡ್ಡ ಸರ್ ಕೊಟ್ಟ ಹಸಿರು ಶಾಯಿಯ ಪೆನ್ನು.

ದೊಡ್ಡ ಸರ್ ಎಂದರೆ ಈ ಆಫೀಸು ಕಟ್ಟಿದವರು, ಈಗಿನ ಯಜಮಾನ ಕೀರ್ತನನ ತಂದೆ; ಅವರೀಗ ಇಲ್ಲ. ಅವರು ಬರೀ ಕಾಗದವನ್ನು ನಂಬಿದವರಲ್ಲ. ಪಂಚೆ ಎತ್ತಿಕಟ್ಟಿ, ಲಿಯೋನೆಲನನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದರು. ಕಾಪುವಿನ ಕೊಟ್ಟಿಗೆಯಲ್ಲಿ ಒಂದೊಂದು ಕೊಪ್ಪರಿಗೆಗೂ ಬೆರಳ ಗೆಣ್ಣಿನಿಂದ ಬಡಿದು, ಟಣ್ ಎಂಬ ಸದ್ದು ಪೂರ್ತಿ ಅಡಗುವ ತನಕ ಕಿವಿಗೊಟ್ಟು, "ಉಂಟು, ಟಿಕ್ ಹಾಕು ಲಿಯೋನೆಲ್" ಎನ್ನುತ್ತಿದ್ದರು. ಬಾಯಿ ಕೊಟ್ಟ ಚಹಾವನ್ನೂ ಮುಟ್ಟುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ತಮ್ಮ ದುಡ್ಡಿನಲ್ಲೇ ಗೋಳಿಬಜೆ ಕೊಡಿಸುತ್ತಿದ್ದರು. ಆ ಗೋಳಿಬಜೆಯ ಬಿಸಿ ಲಿಯೋನೆಲನ ನಾಲಿಗೆಯಲ್ಲಿ ಇನ್ನೂ ಇತ್ತು.

ಅವನು ಕಾಪುವಿನ ಬಸ್ಸು ಹತ್ತಿದ.

ಕೊಟ್ಟಿಗೆಯಲ್ಲಿ ಕಾವು ಕೂತ ಹೇಂಟೆಯೊಂದರ ಹೊರತು ಏನೂ ಇರಲಿಲ್ಲ.

"ಬಾಯೀ, ಕೊಪ್ಪರಿಗೆ ಎಲ್ಲಿ?"

"ಇಲ್ಲೇ ಉಂಟು ಪುತಾ, ಸ್ವಲ್ಪ ಹರಡಿದೆ," ಎಂದಳು ಅಪೊಲೋನಿಯಾ ಬಾಯಿ, ಸಾವಧಾನವಾಗಿ. "ಮದುವೆ ಇಲ್ಲದಾಗ ಖಾಲಿ ಕೂತಿರ್ತದೆ. ನೆರೆಯವರು ಕೇಳಿದ್ರೆ ಇಲ್ಲ ಅನ್ಲಿಕ್ಕೆ ಆಗ್ತದಾ?"

ಲಿಯೋನೆಲ್ ಮನೆ ಮನೆ ಹತ್ತಿದ. ವೆರೊನಿಕಾಳ ಬಚ್ಚಲಿನ ಒಲೆಯ ಮೇಲೊಂದು ಸಿಕ್ಕಿತು. ಗೆಣ್ಣಿನಿಂದ ಬಡಿದದ್ದೇ ತಡ, ಪರದೆಯ ಹಿಂದಿನಿಂದ ಅವಳ ಗಂಡ ಕೂಗಿದ: "ಯಾರದು?"

"ಆಡಿಟ್!"

"ಅಯ್ಯೋ ದೇವರೇ, ಸ್ನಾನಕ್ಕೂ ಬಂತಾ?"

ಡೆರಿಕ್‌ನ ಹೋಟೆಲಿನ ಬಾಗಿಲಲ್ಲಿ ಎರಡರಲ್ಲಿ ತಾವರೆ ಅರಳಿತ್ತು. ಇನ್ನೊಂದರೊಳಗೆ ನಾಯಿ ಮರಿ ಹಾಕಿತ್ತು. ಬಡಿದ ಸದ್ದಿಗೆ ಎದ್ದು ಬಂದು ಲಿಯೋನೆಲನ ಪ್ಯಾಂಟಿನ ಒಂದು ತುಂಡನ್ನು ಇಟ್ಟುಕೊಂಡಿತು. ಬೇಲಿಯಿಂದ ಬೇಲಿಗೆ "ರೈಡ್ ಅಂತೆ! ರೈಡ್ ಅಂತೆ!" ಎಂಬ ಪಿಸುಮಾತು ಅವನಿಗಿಂತ ಮುಂದೆ ಓಡಿತು. ಅಂತೂ ಏಳೂ ಸಿಕ್ಕಿದವು. ಏಳೂ ಟಣ್ ಎಂದವು.

ಸಂಜೆ ಕೀರ್ತನ್, ಮಣಿಪಾಲದಲ್ಲಿ ಎಐ ಕಾಲದ ಲೆಕ್ಕನೀತಿಯ ಬಗ್ಗೆ ಭಾಷಣ ಮಾಡಿ, ಹಾರ ಸಮೇತ ಆಫೀಸಿಗೆ ಬಂದ. ಲಿಯೋನೆಲ್ ಮುದುಡಿದ ಲಕೋಟೆಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದ.

"ಅಂದ್ರೆ ಅಂಕಲ್, ಎಐ ಬರೆದದ್ದು ಸರಿಯೇ ಉಂಟಲ್ಲ?"

"ಸರಿ ಉಂಟು ಸರ್. ಆದ್ರೆ ಸುಳ್ಳು. ಅದು ಬಡಿದು ನೋಡ್ಲಿಲ್ಲ."

ಕೀರ್ತನ್ ಗೋಡೆಯ ಮೇಲಿನ ತಂದೆಯ ಪಟವನ್ನು ನೋಡಿದ. ಆ ಉತ್ತರವನ್ನು ಹರಿದು ಬುಟ್ಟಿಗೆ ಹಾಕಿದ. "ನಿಮ್ಮ ಕಾಗದ ಈಗಲೇ ಅಂಚೆಗೆ ಹಾಕಿ. ಕೊಪ್ಪರಿಗೆ ಯಾರ ಹತ್ರ ಉಂಟೋ ಅವರೇ ಸ್ವಂತ ಕೈಯಲ್ಲಿ ಉತ್ತರ ಬರೀಬೇಕು. ಇನ್ನೊಮ್ಮೆ ಹಾಕದ ಕಾಗದಕ್ಕೆ ಟಿಕ್ ಹಾಕಿದ್ರೆ, ನಿಮ್ಮ ಕುರ್ಚಿಯಲ್ಲಿ ಎಐ ಕೂತ್ಕೊಳ್ತದೆ, ನೋಡಿ."

ಕುರ್ಚಿ ಉಳಿಯಿತು! ಲಿಯೋನೆಲ್ ಹಗುರಾಗಿ ಅಂಚೆಪೆಟ್ಟಿಗೆಯ ತನಕ ನಡೆದ. ಲಕೋಟೆಯನ್ನು ಒಳಗೆ ತೂರಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸೆಲೀನ್.

"ನಿಮಗೆಂತ ಮರುಳಾ? ಕಾಪುವಿನಿಂದ ಟೆಂಪೊ ಬಂದು ನಮ್ಮ ಅಂಗಳದಲ್ಲಿ ಏಳು ಕೊಪ್ಪರಿಗೆ ಇಳಿಸ್ತಾ ಉಂಟು! ಒಂದರಲ್ಲಿ ನಾಯಿಮರಿ ಬೇರೆ!"

"ನಮ್ಮಲ್ಲಿಗೆ ಯಾಕೆ?"

"ರೈಡಿಗೆ ಹೆದರಿ ಎಲ್ಲರೂ ತಂದು ಬಾಯಿಯ ಅಂಗಳಕ್ಕೆ ಹಾಕಿದ್ರಂತೆ. ಬಾಯಿಗೂ ಇನ್ನು ಇಟ್ಟುಕೊಳ್ಳಲಿಕ್ಕೆ ಹೆದರಿಕೆ ಅಂತೆ, ಆದ್ರೆ ಕಾರ್ಕಳದಲ್ಲಿ ಸುಂದರನ ಮನೆ ಎಲ್ಲಿ ಅಂತ ಗೊತ್ತಿಲ್ಲ. ಸಂತೆಕಟ್ಟೆಯ ಲಿಯೋನೆಲನ ಮನೆ ಗೊತ್ತುಂಟಂತೆ. ಅವನಷ್ಟು ಪ್ರಾಮಾಣಿಕ ಈಗಿನ ಕಾಲದಲ್ಲಿ ಯಾರುಂಟು ಅಂತ ಹೇಳಿ ಕಳಿಸಿದ್ದಾಳೆ." ಸೆಲೀನ್ ಸೌಟಿನಿಂದ ಒಂದಕ್ಕೆ ಬಡಿದಳು. "ಆದ್ರೂ ಒಳ್ಳೇ ತಾಮ್ರ ಮಾರಾಯ್ರೆ!"

ಟಣ್.

ಲಿಯೋನೆಲ್ ಫೋನನ್ನು ಕಿವಿಗೊತ್ತಿ, ಆ ಸದ್ದು ಪೂರ್ತಿ ಅಡಗುವ ತನಕ ನಿಂತ. ಆಮೇಲೆ ಹಸಿರು ಪೆನ್ನು ತೆಗೆದು, 'ಅಪೊಲೋನಿಯಾ ಬಾಯಿ, ಕಾಪು' ಎಂಬುದನ್ನು ನೀಟಾಗಿ ಹೊಡೆದು ಹಾಕಿ, ಕೆಳಗೆ 'ಲಿಯೋನೆಲ್, ಸಂತೆಕಟ್ಟೆ' ಎಂದು ಬರೆದು, ಕಾಗದವನ್ನು ಪೆಟ್ಟಿಗೆಗೆ ಹಾಕಿದ.