ಯಾದಿಗೊಂದು ದಪ್ಪ ಪೆನ್ನು

ಮಂದಿಯನ್ನು ಕಂಡು ಮೂಗು ಮುರಿಯುವುದು ಒಳ್ಳೆಯ ಗುಣವಲ್ಲ ಎಂದು ಇಡೀ ನೌಕರಿಯುದ್ದಕ್ಕೂ ಮಕ್ಕಳಿಗೆ ಪಾಠ ಹೇಳಿದವನು ನಾನು. ಹೇಳುವಾಗಲೂ ನನ್ನ ಮೂಗು ಸ್ವಲ್ಪ ಮುರಿದೇ ಇರುತ್ತಿತ್ತು ಎಂಬುದನ್ನು ಈಗ, ಪೆನ್ಶನ್ ತಿನ್ನುವ ವಯಸ್ಸಿನಲ್ಲಿ, ಒಪ್ಪಿಕೊಳ್ಳುತ್ತೇನೆ. ಇದು ನನಗೆ ಅಜ್ಜನಿಂದ ಬಂದ ಆಸ್ತಿ. ಹೊಲ ಮೂರು ಪಾಲಾಯಿತು, ಈ ಗುಣ ಮಾತ್ರ ಪಾಲಾಗದೆ ಇಡಿಯಾಗಿ ನನಗೇ ಬಂತು. ಅಜ್ಜ ಮನುಷ್ಯನ ಯೋಗ್ಯತೆಯನ್ನು ಅವನು ರೊಟ್ಟಿ ಮುರಿಯುವ ರೀತಿಯಿಂದ ಅಳೆಯುತ್ತಿದ್ದ. ನಾನು ಅಕ್ಷರದಿಂದ ಅಳೆಯುತ್ತೇನೆ. "ಅಕ್ಷರ ಸೊಟ್ಟ ಇದ್ದವನ ಹೊಲದ ಬದುವೂ ಸೊಟ್ಟ ಇರತೈತಿ" ಎಂಬುದು ಅಜ್ಜನ ಮಾತು. ಅಜ್ಜನಿಗೆ ತನ್ನ ಸಹಿಯೊಂದನ್ನು ಬಿಟ್ಟು ಬೇರೇನೂ ಬರೆಯಲು ಬರುತ್ತಿರಲಿಲ್ಲ. ಆದರೆ ಅಂಥವರೇ ಅಲ್ಲವೇ ಅಕ್ಷರದ ಬಗ್ಗೆ ಧೈರ್ಯವಾಗಿ ಮಾತಾಡುವವರು.

ನಾನು ಹೆಚ್ಚು ಕಾಲ ಮಾಸ್ತರಕಿ ಮಾಡಿದ್ದು ಆಡೂರಿನಲ್ಲಿ. ಉಳಿ ಹಿಡಿದು ಕಲ್ಲಿನ ಮೇಲೆ ಗುಂಡಗೆ ಅಕ್ಷರ ಕೊರೆದಿಟ್ಟು ಹೋದ ಪುಣ್ಯಾತ್ಮರ ಊರು ಅದು. ಅಂಥ ಊರಲ್ಲಿ ಸಂಬಳ ತಿಂದವನು, ಕಾಗದದ ಮೇಲೆ, ಅದೂ ಗೆರೆ ಹಾಕಿದ ಕಾಗದದ ಮೇಲೆ, ನೆಟ್ಟಗೆ ಬರೆಯಲಾರದವರನ್ನು ಹೇಗೆ ಸಹಿಸಬೇಕು ನೀವೇ ಹೇಳಿ. ಅದರಲ್ಲೂ ಬಾಲ್ ಪೆನ್ನಿನವರು. ಬಾಲ್ ಪೆನ್ನಿನಿಂದ ಬರೆಯುವವನು ಬರೆಯುವುದಿಲ್ಲ, ಕಾಗದವನ್ನು ಕೆರೆಯುತ್ತಾನೆ. ನವೆ ಎದ್ದ ಎಮ್ಮೆ ಗೋಡೆಗೆ ಮೈ ತಿಕ್ಕುವುದಕ್ಕೂ ಅದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಇಷ್ಟೆಲ್ಲ ಸೊಕ್ಕಿಗೆ ಒಂದು ಆಧಾರವಿತ್ತು. ಸುತ್ತಿನ ತಾಲೂಕುಗಳಲ್ಲಿ ನಮ್ಮ ಬಳಗದ ಯಾವ ಮನೆಯಲ್ಲಿ ಲಗ್ನವಾದರೂ ಯಾದಿ ಬರೆಯುವವನು ನಾನೇ. ನಮ್ಮ ಕಡೆ ಹುಡುಗ ಹುಡುಗಿ ಒಪ್ಪಿದ ಮಾತ್ರಕ್ಕೆ ಲಗ್ನ ಗಟ್ಟಿಯಾಗುವುದಿಲ್ಲ. ಎರಡೂ ಕಡೆಯ ಹಿರಿಯರು ಜಮಖಾನೆಯ ಮೇಲೆ ಕೂತು, ಲಗ್ನ ಯಾವ ಊರಲ್ಲಿ, ಸೀರೆ ಯಾರದು, ಊಟ ಯಾರದು, ಬಾಸಿಂಗ ಯಾರು ತರಬೇಕು ಎಂದು ಒಂದೊಂದಾಗಿ ಮಾತಾಡಿ, ಮೂಲೆಗೆ ಅರಿಷಿಣ ಹಚ್ಚಿದ ಕಾಗದದ ಮೇಲೆ ಬರೆಸಿ, ಎಲ್ಲರೆದುರು ಓದಿಸಿ, ಸಹಿ ಹಾಕಬೇಕು. ಅದೇ ಯಾದಿ. ಅಲ್ಲಿಯ ತನಕ ಅದು ಲಗ್ನವಲ್ಲ, ಬರೀ ಸುದ್ದಿ. ಯಾದಿ ಬರೆಯುವವನಿಗೆ ಜಮಖಾನೆಯ ನಡುವೆ ಜಾಗ, ಮೊದಲ ಚಹಾ, ಹೋಗುವಾಗ ತೆಂಗಿನಕಾಯಿ. ಬೀಗರೇ ಅವನ ಮುಖ ನೋಡುತ್ತ "ಬರದಿರೇನ್ರಿ?" ಎಂದು ಕೇಳಿ ಮುಂದಿನ ಮಾತು ತೆಗೆಯಬೇಕು. ಮನೆಯಲ್ಲಿ ಯಾರೂ ನನ್ನ ಮುಖ ನೋಡಿ ಮಾತು ತೆಗೆಯುವುದಿಲ್ಲವಾದ್ದರಿಂದ ಈ ಜಾಗದ ಮೇಲೆ ನನಗೆ ವಿಪರೀತ ಆಸೆ.

ಹೋದ ವರ್ಷದಿಂದ ಬಲಗೈಯ ಹೆಬ್ಬೆರಳು ಈ ಜಾಗಕ್ಕೆ ಸಂಚಕಾರ ತಂದಿತು. ಗಂಟು ಬಾತು, ಸಣ್ಣ ಪೆನ್ನು ಹಿಡಿದರೆ ಜಾರುತ್ತದೆ, ಬಿಗಿ ಹಿಡಿದರೆ ನಡುಗುತ್ತದೆ. ಶಿಗ್ಗಾವಿಯಲ್ಲಿ ಒಂದು ಯಾದಿ ಬರೆದುಕೊಟ್ಟಾಗ ಬೀಗರ ಕಡೆಯ ಹಿರಿಯರೊಬ್ಬರು ಕನ್ನಡಕ ಏರಿಸಿ, ಇಳಿಸಿ, "ಮಾಸ್ತರ್ರ, ಇದನ್ನ ಬಸ್ಸಿನ್ಯಾಗ ಕುಂತ ಬರಕೊಂಡ ಬಂದಿದ್ರೇನ್ರಿ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಹೋಳಿಗೆ ಸೇರಲಿಲ್ಲ.

ಹಾನಗಲ್ಲಿನ ಡಾಕ್ಟರು ಬೆರಳನ್ನು ತಿರುವಿ ನೋಡಿ, "ಮಾಸ್ತರ್ರ, ಇದು ವಯಸ್ಸಿಂದು. ಸಣ್ಣ ಪೆನ್ನ ಹಿಡೀಬ್ಯಾಡ್ರಿ, ದಪ್ಪಂದ ಹಿಡೀರಿ" ಎಂದರು. ಮನೆಗೆ ಬಂದು ನನ್ನ ಹೆಂಡತಿ ಗಂಗವ್ವನಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸದೆ, "ಲಟ್ಟಣಿಗಿ ಐತಲ್ಲ, ಅದನ್ನ ಹಿಡೀರಿ. ನಿಮ್ಮ ಬೆರಳಿಗೂ ಆರಾಮ, ನನಗೂ ಆರಾಮ" ಎಂದಳು.

ಅದೇ ವಾರ ಹಿರೇಕೆರೂರಿನಿಂದ ನನ್ನ ತಂಗಿ ನೀಲವ್ವನ ಫೋನು. ಅವಳ ಮೊಮ್ಮಗಳು ವಿಜಯಾಳಿಗೆ ದುಂಡಸಿಯ ಗಂಡು ಗೊತ್ತಾಗಿತ್ತು. ಹುಡುಗಿಯ ಅಪ್ಪ, ಅಂದರೆ ನೀಲವ್ವನ ಮಗ ಬಸವರಾಜ, ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಇಟ್ಟವನು.

"ಅಣ್ಣಾ, ಯಾದಿನ ಕಂಪ್ಯೂಟರನ್ಯಾಗ ಹೊಡದ ತಗೀತೇನಿ ಅನ್ನಾಕತ್ತಾನ ಬಸವರಾಜ. ನಿನಗೂ ಕೈ ನೋವಂತ. ಅಂವಗ ಬಿಡ್ಲೇನು?"

"ನಾ ಸತ್ತ ಮ್ಯಾಲ ಹೊಡದ ತಗೀ ಅನ್ನ ಅವಗ."

"ಶುಭಕಾರ್ಯದಾಗ ಸಾಯೂ ಮಾತ ಯಾಕೋ? ಬಂದು ಬರಿ ಹಂಗಾರ. ಆದ್ರ ನೆಟ್ಟಗ ಬರೀಬೇಕ ನೋಡು. ದುಂಡಸಿ ಮಂದಿ ಬಾಳ ನೋಡತಾರು. ಈ ಸಲ ಕೆಟ್ಟರ, ಇನ್ನ ಎಲ್ಲಾ ಮನಿಯಾಗೂ ಬಸವರಾಜಂದ ಆಕ್ಕೈತಿ."

ಯಾದಿಗೆ ಹತ್ತೊಂಬತ್ತು ದಿನ ಉಳಿದಿದ್ದವು. ದಪ್ಪ ಇರಬೇಕು, ಶಾಯಿಯದಿರಬೇಕು, ದಿನಾ ಬರೆದರೂ ತಾಳಬೇಕು, ಬೆಲೆ ಕೇಳಿದರೆ ಗಂಗವ್ವ ತಾಳಬೇಕು. ಇಂಥ ಪೆನ್ನು ಹುಡುಕಲು ಹೊರಟೆ.

ಹಾನಗಲ್ಲಿನ ಅಂಗಡಿಯವನು "ಇಂಕ್ ಪೆನ್ನಾ?" ಎಂದು, ನಾನು ಹುಡುಗರನ್ನು ಹೊಡೆಯುವ ಹುಣಸೇ ಬರಲು ಕೇಳಿದವನಂತೆ ನೋಡಿದ. ಆಮೇಲೆ ಮಖಮಲ್ಲಿನ ಡಬ್ಬಿಯೊಂದನ್ನು ತೆಗೆದ. ಒಳಗೆ ಬಂಗಾರದ ಬಣ್ಣದ ಪೆನ್ನು, ಮದುಮಗನಂತೆ ಮಲಗಿತ್ತು. ಹಿಂದೆ ದಪ್ಪ, ಹಿಡಿಯುವಲ್ಲಿ ಸಣ್ಣ. ತೂಕ ಕಬ್ಬಿಣದ ಹಾರೆಯದು. "ಇದು ಕೊಡೂ ಪೆನ್ನರಿ" ಎಂದ. ಬರೆಯುವ ಪೆನ್ನು ಯಾವುದೆಂದು ಕೇಳಿದೆ. "ಇದರಿಂದ ಯಾರೂ ಬರಿಯೂದಿಲ್ಲರಿ, ನಿವೃತ್ತಿ ಆದವರಿಗೆ ಕೊಡತಾರು" ಎಂದ. ನನಗೆ ನೆನಪಾಯಿತು: ನನ್ನ ಟ್ರಂಕಿನಲ್ಲಿ ಅಂಥವು ನಾಲ್ಕಿವೆ. ಬರೆಯುವ ಕೆಲಸ ಮುಗಿಯಿತು ಎಂದು ತಿಳಿಸಲು ಪೆನ್ನು ಕೊಡುವ ಪದ್ಧತಿ ಯಾವ ಬುದ್ಧಿವಂತ ತಂದನೋ.

ಮೊಬೈಲಿನಲ್ಲಿ ನೋಡಿದೆ. ಅಲ್ಲೊಂದು ಬೇರೆ ಲೋಕವೇ ಇದೆ. ದಪ್ಪ ಪೆನ್ನಿನ ಭಕ್ತರು! ಒಬ್ಬ ಮಹಾನುಭಾವ ಅರ್ಧ ತಾಸು ಪೆನ್ನನ್ನು ದೀಪದ ಕೆಳಗೆ ತಿರುವಿ ತೋರಿಸಿದ, ಟೊಪ್ಪಿಗೆ ತೆಗೆದು ತೂಗಿದ, ಹಾಕಿ ತೂಗಿದ, ಮೂಸಿಯೂ ನೋಡಿದ. ನಿಬ್ಬು ಕಾಗದದ ಜೊತೆ "ಮಾತಾಡುತ್ತದೆ" ಎಂದ. ಏನು ಮಾತಾಡುತ್ತದೆಂದು ಹೇಳಲಿಲ್ಲ. ಕೊನೆಗೆ ಬರೆದದ್ದು ಎಷ್ಟು? ಒಂದೇ ಸಾಲು, ಇಂಗ್ಲಿಷಿನಲ್ಲಿ, ಯಾವುದೋ ನರಿ ಯಾವುದೋ ನಾಯಿಯ ಮೇಲಿಂದ ಜಿಗಿದ ಸುದ್ದಿ. ಬೇರೆಯವನ ವಿಡಿಯೋ ತೆಗೆದೆ. ಅವನೂ ಅದೇ ನರಿಯನ್ನು ಜಿಗಿಸಿದ. ನೂರಾರು ಪೆನ್ನಿಟ್ಟುಕೊಂಡ ಇವರಿಗೆ ಬರೆಯಲು ಆ ನರಿ ಬಿಟ್ಟರೆ ಗತಿಯಿಲ್ಲ. ಒಬ್ಬನಾದರೂ ಒಂದು ಕ್ಷ, ಒಂದು ಜ್ಞ ಬರೆದು ತೋರಿಸಲಿಲ್ಲ. ಹಸಿವಿಲ್ಲದವನ ಮನೆಯಲ್ಲಿ ತಾಟು ಬಹಳ ಎಂದು ಮೊಬೈಲು ಆರಿಸಿದೆ.

ಕೊನೆಗೆ ಪೆನ್ನು ಸಿಕ್ಕದ್ದು ಸವಣೂರಿನಲ್ಲಿ. ಗಂಗವ್ವ ಚಹಾದ ಜೊತೆ ತಿನ್ನುವ ಖಾರಾ ತರಲು ಕಳಿಸಿದ್ದಳು. ಖಾರಾದ ಅಂಗಡಿಯ ಮಗ್ಗುಲಲ್ಲೇ ಖಾಜಾಸಾಬ ಎಂಬ ಮುದುಕರ ಪುಸ್ತಕ-ಪಾಟಿಯ ಅಂಗಡಿ. ಕೇಳಿದ್ದಕ್ಕೆ ಅವರು ಏಣಿ ಹತ್ತಿ, ಮೇಲಿನ ಗೂಡಿನಿಂದ ಹಳೆಯ ಪೇಪರು ಸುತ್ತಿದ ಒಂದನ್ನು ಇಳಿಸಿದರು. ಕರಿ ಪೆನ್ನು. ಎಳೇ ಬಾಳೆಕಾಯಿಯ ಗಾತ್ರ. ಹೊಟ್ಟೆಗೇ ನೇರವಾಗಿ ಶಾಯಿ ಸುರಿಯುವಂಥದು. ಒಮ್ಮೆ ತುಂಬಿದರೆ ಒಂದು ಲಗ್ನವಲ್ಲ, ಇಡೀ ಸುಗ್ಗಿಯ ಲಗ್ನಗಳೆಲ್ಲ ಮುಗಿಯಬೇಕು.

"ಮಾಸ್ತರ್ ಸಾಬ್, ಇದು ಪೆನ್ನಲ್ಲ, ಪೈಲವಾನ. ಹಿಡೀರಿ."

ಹಿಡಿದೆ. ಹೆಬ್ಬೆರಳು ತಾನಾಗಿ ಕೂತಿತು. ಅವರು ಕೊಟ್ಟ ರಟ್ಟಿನ ಮೇಲೆ ಶ್ರೀ ಬರೆದೆ. ಇಪ್ಪತ್ತು ವರ್ಷದ ಹಿಂದಿನ ನನ್ನ ಶ್ರೀ ಅದು! "ಇಷ್ಟ ದಿನಾ ಯಾಕ ಯಾರೂ ಒಯ್ಯಲಿಲ್ಲ?" ಎಂದು ಕೇಳಿದೆ. "ಎಲ್ಲಾರಿಗೂ ಕಿಸೇದಾಗ ಹಿಡೂ ಪೆನ್ನ ಬೇಕ್ರಿ. ಕೈಯಾಗ ಹಿಡೂದು ಯಾರಿಗೆ ಬೇಕಾಗೇತಿ?" ಎಂದರು. ಬಹಳ ದಿನದ ಮೇಲೆ ನನ್ನಷ್ಟೇ ತಿರಸ್ಕಾರವುಳ್ಳ ಒಬ್ಬ ಮನುಷ್ಯನನ್ನು ಕಂಡು ಕಣ್ಣು ತುಂಬಿ ಬಂತು. ಬೆಲೆ ಮೂರು ಕಿಲೋ ಖಾರಾಕ್ಕಿಂತ ಕಡಿಮೆ. ಖಾರಾ ಒಂದೇ ಕಿಲೋ ಒಯ್ದೆ.

ಅದು ಕಿಸೆಯಲ್ಲಿ ಹಿಡಿಸುವುದಿಲ್ಲ ಎನ್ನುವುದು ನಿಜವೇ ಆಯಿತು. ಕೈಯಲ್ಲೇ ಹಿಡಿದು ಬಸ್ಸು ಹತ್ತಿದೆ. ಕಂಡಕ್ಟರು "ಬ್ಯಾಟರಿ ಬಾಳ ಚಲೋ ಐತ್ರಿ, ಎಲ್ಲಿ ತಗೊಂಡ್ರಿ?" ಎಂದು ಕೇಳಿದ. ಗಂಗವ್ವ ನೋಡಿದವಳೇ, "ದನಕ್ಕ ಔಷಧ ಕುಡಿಸೂ ಗೊಟ್ಟ ಯಾಕ ತಂದ್ರಿ, ಮನ್ಯಾಗ ದನಾನ ಇಲ್ಲಲ್ಲ" ಎಂದಳು. ಒಂದು ಕ್ಷಣ ನನ್ನನ್ನೇ ನೋಡಿ, "ಆತು ಬಿಡ್ರಿ, ಉಪಯೋಗ ಆದೀತು" ಎಂದು ಸೇರಿಸಿದಳು. ಅಂದರೂ ಅನ್ನಲಿ. ಎಂಟು ದಿನ ಹಳೇ ಕ್ಯಾಲೆಂಡರುಗಳ ಬೆನ್ನೆಲ್ಲ ಶ್ರೀ ಬರೆದೆ. ಹಾಲಿನವನ ಚೀಟಿಯನ್ನೂ ಆ ಪೆನ್ನಿನಲ್ಲೇ ಬರೆದೆ. ಬಸವರಾಜನ ಮುಖ ನೆನೆದು ಒಬ್ಬನೇ ನಗುತ್ತಿದ್ದೆ.

ಯಾದಿಯ ದಿನ ಜಮಖಾನೆ ತುಂಬಿತ್ತು. ಈ ಕಡೆ ನಾವು, ಆ ಕಡೆ ದುಂಡಸಿಯವರು. ಅವರ ಹಿರಿಯರು ಗಂಡಿನ ಅಜ್ಜ ರುದ್ರಗೌಡರು, ಬಿಳಿ ಧೋತರ, ತಲೆಗೆ ಕುಂಕುಮದಂಥ ಪಟಗ. ಮೂಲೆಯಲ್ಲಿ ಬಸವರಾಜ, ತೊಡೆಯ ಮೇಲೆ ಲ್ಯಾಪ್‌ಟಾಪು. ನಾನು ಪೆನ್ನನ್ನು ಅರಿವೆಯಿಂದ ಬಿಚ್ಚಿ ಹೊರತೆಗೆದೆ. ಎಲ್ಲರೂ ಕತ್ತು ಚಾಚಿದರು. ರುದ್ರಗೌಡರು "ಅಬಬಬ, ಏನ ಪೆನ್ನರೀ ಇದು!" ಎಂದರು. ಕಾಗದದ ಮೇಲೆ ಇಟ್ಟು ಶ್ರೀ ಎಳೆದೆ.

ಏನೂ ಮೂಡಲಿಲ್ಲ.

ಮತ್ತೆ ಎಳೆದೆ. ಕಾಗದ ಬೆಳ್ಳಗೆ ನನ್ನನ್ನೇ ನೋಡಿತು. ಕನ್ನಡಕ ಸರಿಮಾಡಿ ನಿಬ್ಬು ನೋಡಿದರೆ, ಅದರ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮದ ಬೊಟ್ಟು, ಒಣಗಿ ಸಿಮೆಂಟಿನಂತೆ ಕೂತಿವೆ. ನಮ್ಮ ಮನೆಗೆ ಬಂದ ಹೊಸ ವಸ್ತು ಯಾವುದೂ ಗಂಗವ್ವನ ವಿಭೂತಿಯಿಂದ ತಪ್ಪಿಸಿಕೊಂಡದ್ದಿಲ್ಲ. ಮಿಕ್ಸಿಗೆ ಹಚ್ಚಿದ್ದಾಳೆ, ಗ್ಯಾಸಿನ ಸಿಲಿಂಡರಿಗೆ ಹಚ್ಚಿದ್ದಾಳೆ. ಶುಭಕಾರ್ಯಕ್ಕೆ ಹೊರಟ ಪೆನ್ನಿಗೆ ಬೆಳಿಗ್ಗೆ ಹಚ್ಚದೆ ಬಿಡುತ್ತಾಳೆಯೇ? ಹೆಂಗಸರ ಸಾಲಿನಲ್ಲಿ ಕೂತಿದ್ದ ಅವಳತ್ತ ನೋಡಿ ಕಣ್ಣಿನಲ್ಲೇ ಕೇಳಿದೆ. ಅವಳು ಎದ್ದು ಬಂದು ಕಿವಿಯಲ್ಲಿ, "ಹೊರಗ ಹಚ್ಚಿದ್ರ ಏನ ಉಪಯೋಗ? ಬರಿಯೂ ಬಾಯಿಗೇ ಹಚ್ಚೇನಿ" ಎಂದಳು.

ಪೆನ್ನನ್ನು ಜೋರಾಗಿ ಝಾಡಿಸಿದೆ. ಪೈಲವಾನ ಒಮ್ಮೆ ಕಕ್ಕಿದ. ಕವಳೆಹಣ್ಣಿನಷ್ಟು ದೊಡ್ಡ ಹನಿ, ಯಾದಿಯ ಕಾಗದವನ್ನು ತಪ್ಪಿಸಿ, ಜಮಖಾನೆಯ ಮೇಲೆ ಬಿತ್ತು. ನೀಲವ್ವ ಏನೂ ಆಗದವಳಂತೆ ಎಲೆ-ಅಡಿಕೆಯ ತಾಟನ್ನು ಅದರ ಮೇಲೆ ಸರಿಸಿದಳು. ಆಮೇಲೆ ಪೆನ್ನು ಮತ್ತೆ ಬಾಯಿ ಮುಚ್ಚಿತು. ಬಸವರಾಜ ಲ್ಯಾಪ್‌ಟಾಪು ತೆರೆದ ಸದ್ದು ನನಗೆ ಕೇಳಿಸಿತು.

ನನ್ನನ್ನು ಉಳಿಸಿದ್ದು ಊಟ. ಅಷ್ಟರಲ್ಲಿ ಯಾರೋ ಲಗ್ನದೂಟಕ್ಕೆ ಗೋದಿ ಹುಗ್ಗಿಯೋ ಹೋಳಿಗೆಯೋ ಎಂದು ತೆಗೆದರು. ದುಂಡಸಿಯವರು ಹೋಳಿಗೆ ಅಂದರು, ನಮ್ಮವರು ಹುಗ್ಗಿ ಅಂದರು. ಇಪ್ಪತ್ತು ಜನ ಒಮ್ಮೆಲೇ ಮಾತಾಡತೊಡಗಿದರು. ಇಂಥ ಹೊತ್ತಿನಲ್ಲಿ ಬರೆಯುವವನ ಕಡೆ ದೇವರೂ ನೋಡುವುದಿಲ್ಲ. ಚಹಾದ ತಾಟು ಹಿಡಿದು ಬಂದ ವಿಜಯಾ ಮಾತ್ರ ನೋಡಿದಳು. ತಾಟು ಇಳಿಸುವ ನೆವದಲ್ಲಿ ಕೂತು, ಒಂದು ಬಾಲ್ ಪೆನ್ನು ನನ್ನತ್ತ ಸರಿಸಿದಳು. ಗೊಬ್ಬರದ ಅಂಗಡಿಯವರು ಪುಕ್ಕಟೆ ಹಂಚಿದ್ದು.

"ಬ್ಯಾಡವ್ವಾ, ಜಾರತೈತಿ" ಎಂದು ಪಿಸುಗುಟ್ಟಿದೆ.

ಅವಳು ಮುಂಗೈಗೆ ಹಾಕಿದ್ದ, ಕೂದಲಿಗೆ ಕಟ್ಟುವ ಬಟ್ಟೆಯ ರಬ್ಬರನ್ನು ತೆಗೆದು, ಆ ಪೆನ್ನಿಗೆ ನಾಲ್ಕು ಸುತ್ತು ಸುತ್ತಿ, ನನ್ನ ಕೈಯಲ್ಲಿಟ್ಟಳು. "ಈಗ ಬರೀ ಅಜ್ಜಾ. ಲಗೂ ಬರಿ. ಅಪ್ಪ ಆಗಲೇ ಫಾಂಟ್ ಹುಡಕಾಕತ್ತಾನ."

ಬರೆದೆ. ಗುಲಾಬಿ ಬಣ್ಣದ ರಬ್ಬರನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಬಾಲ್ ಪೆನ್ನಿನಿಂದ, ಶ್ರೀಕಾರದಿಂದ ಹಿಡಿದು "ಊಟಕ್ಕೆ ಹೋಳಿಗೆ, ಮರುದಿನ ಹುಗ್ಗಿ" ಎಂಬ ಒಪ್ಪಂದದ ತನಕ ಒಂದಕ್ಷರ ನಡುಗದಂತೆ ಬರೆದೆ. ಕಾಗದ ಕೊಡುವ ಮೊದಲು ಬಾಲ್ ಪೆನ್ನನ್ನು ಕಿಸೆಗೆ ಇಳಿಸಿದೆ. ಅದು ಕಿಸೆಯೊಳಗೆ ಸರಾಗವಾಗಿ ಹೋಯಿತು, ಕಳ್ಳನಿಗೆ ಸಂದಿ ಸಿಕ್ಕಂತೆ. ಪೈಲವಾನ ಮಾತ್ರ ತಾಟಿನ ಮಗ್ಗುಲಲ್ಲಿ ಎಲ್ಲರಿಗೂ ಕಾಣುವಂತೆ ಮಿರಿಮಿರಿ ಮಲಗಿದ್ದ.

ರುದ್ರಗೌಡರು ಓದಿಸಿ ಕೇಳಿ, ತಮ್ಮದೇ ಪೆನ್ನು ತೆಗೆದು ಸಹಿ ಹಾಕಿ, ಕಾಗದವನ್ನು ದೂರ ಹಿಡಿದು ನೋಡಿದರು. "ಅಕ್ಷರ ಅಂದ್ರ ಇವು ನೋಡ್ರಿ. ಪೆನ್ನ ಹಂತಾದಿದ್ದರ ಅಕ್ಷರ ಹಿಂತಾವ ಬರತಾವು!"

ಈಗಲಾದರೂ ಸತ್ಯ ಹೇಳಬಹುದಿತ್ತು. "ಹೌದ್ರೀ ಗೌಡ್ರ, ಪೆನ್ನ ಚಲೋ ಐತಿ" ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಈಗಿನ ಮಂದಿ ಬಾಲ್ ಪೆನ್ನಿನಿಂದ ಹೇಗೆ ಕೆಟ್ಟರು ಎಂದು ಹತ್ತು ಮಿನಿಟು ಹೇಳಿದೆ. ವಿಜಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ದುಂಡಸಿಯವರು ಹುಡುಗಿಗೆ ನಾಚಿಕೆ ಬಹಳ ಎಂದು ಮೆಚ್ಚಿಕೊಂಡರು.

ನಿನ್ನೆ ರುದ್ರಗೌಡರ ಫೋನು ಬಂತು. ಅವರ ಎರಡನೇ ಮೊಮ್ಮಗನಿಗೂ ಹೆಣ್ಣು ಗೊತ್ತಾಗಿದೆ. "ಮಾಸ್ತರ್ರ, ನೀವ ಬರಬೇಕು. ನಮ್ಮ ಬೀಗರಿಗೆ ಹೇಳೇನಿ, ಆ ಪೆನ್ನ ನೋಡಾಕಂತನ ನಾಕ ಮಂದಿ ಹೆಚ್ಚಿಗಿ ಬರಾಕತ್ತಾರು." ಬರುತ್ತೇನೆಂದೆ. ಫೋನಿಟ್ಟ ಮೇಲೆ, ಎಷ್ಟು ತೊಳೆದರೂ ಇನ್ನೂ ಬಾಯಿ ಬಿಡದ ಪೈಲವಾನನನ್ನು ಪಕ್ಕಕ್ಕಿಟ್ಟು, ವಿಜಯಾಳಿಗೆ ಫೋನು ಹಚ್ಚಿದೆ.

"ಅವ್ವಾ, ಆ ಕೂದಲ ರಬ್ಬರ ಎಲ್ಲಿ ತಗೊಂಡಿದ್ದಿ? ನನಗಲ್ಲವಾ, ನಿಮ್ಮ ಗಂಗವ್ವಜ್ಜಿಗೆ ಬೇಕಾಗೇತಿ."

"ಅಜ್ಜಿಗೆ ಯಾವ ಬಣ್ಣದ್ದ ಬೇಕಂತ ಅಜ್ಜಾ?"

"ಕರೀದು" ಎಂದೆ. "ಮಂದ್ಯಾಗ ಪೆನ್ನಿನ ಮ್ಯಾಲ ಎದ್ದ ಕಾಣಬಾರದ ನೋಡು."