ನಮ್ಮತ್ತಿ ನೋಡಿದ ಪಿಚ್ಚರುಗಳು

ನಮ್ಮ ಅತ್ತೆಯವರು ಇಂದಿನವರೆಗೆ ಒಂದೇ ಒಂದು ಸಿನಿಮಾ ನೋಡಿದವರಲ್ಲ. ಹಾಗಂತ ಹುಬ್ಬಳ್ಳಿಗೆ ಬಂದ ಯಾವ ಸಿನಿಮಾವನ್ನೂ ಬಿಟ್ಟವರಲ್ಲ! ಪ್ರೇಮದ್ದು, ದೆವ್ವದ್ದು, ಪೊಲೀಸರದ್ದು, ದೇವರದ್ದು, ತೆಲುಗಿನಲ್ಲಿ ಹುಟ್ಟಿ ಕನ್ನಡದಲ್ಲಿ ಬಾಯಿ ಆಡಿಸುವಂಥದ್ದು, ಎಲ್ಲಕ್ಕೂ ಹೋಗಿದ್ದಾರೆ. ಆದರೆ ಅವರು ಮಾಡುವುದಕ್ಕೆ ನೋಡುವುದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೆಣ್ಣು ನೋಡಲು ಬಂದ ಬೀಗರು ಚಹಾ ಕುಡಿಯುವ ನೆಪದಲ್ಲಿ ಹಿತ್ತಲು, ಬಚ್ಚಲು, ಅಟ್ಟ ಎಲ್ಲ ಇಣುಕಿ ಬರುತ್ತಾರಲ್ಲ, ಅಂಥ ತಪಾಸಣೆ ಅದು.

ಅವರಿಗೆ ಒಂದು ಕಡೆ ಕೂಡಲು ಬರುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿ ಓಣಿಯ ತಮ್ಮ ಮನೆಯಲ್ಲೂ ಅಷ್ಟೆ. ಒಲೆಯ ಮೇಲೆ ಬೇಳೆ, ಬಾಗಿಲಲ್ಲಿ ಹಾಲಿನವನು, ಮಾಳಿಗೆಯ ಮೇಲೆ ಹಪ್ಪಳ, ಈ ಮೂರರ ನಡುವೆ ನೇಯುವವರ ಲಾಳಿಯ ಹಾಗೆ ಓಡಾಡುತ್ತಿರುತ್ತಾರೆ. ಅಂಥವರನ್ನು ಎರಡೂವರೆ ತಾಸು ಕತ್ತಲಲ್ಲಿ ಕೂಡಿಸಿದರೆ ಏನಾದೀತು ಎಂಬುದು ಮದುವೆಯಾದ ಹೊಸತರಲ್ಲೇ ನನಗೆ ಗೊತ್ತಾಯಿತು.

ಅದೊಂದು ಪ್ರೇಮಕಥೆ. ಹೊಸ ಅಳಿಯನಲ್ಲವೇ, ದೊಡ್ಡ ಮನಸ್ಸು ಮಾಡಿ ಹೆಂಡತಿಯ ಜೊತೆ ಅತ್ತೆಯವರನ್ನೂ ಕರೆದೊಯ್ದಿದ್ದೆ. ಹೆಸರು ತೋರಿಸುವುದು ಮುಗಿಯುವುದರೊಳಗೆ ಅವರು ಎರಡು ಸಲ ಜಾಗ ಬದಲಿಸಿದ್ದರು. ಮೊದಲನೆಯದರಲ್ಲಿ ಗಾಳಿ ಜಾಸ್ತಿ, ಎರಡನೆಯದರಲ್ಲಿ ಮುಂದಿನವನ ತಲೆ ಜಾಸ್ತಿ. ಕಡೆಗೆ ನನ್ನ ಪಕ್ಕಕ್ಕೆ ಬಂದರು. ಪರದೆಯ ಮೇಲೆ ನಾಯಕ ಕಾಲೇಜು ಬಿಟ್ಟು, ಮನೆ ಬಿಟ್ಟು, ನಾಯಕಿಯ ಹಿಂದೆ ಬೈಕಿನಲ್ಲಿ ಸುತ್ತುತ್ತಿದ್ದ.

"ಅಳಿಯಂದ್ರ, ಈ ಹುಡುಗಗ ಮನ್ಯಾಗ ಹೇಳೋರು ಕೇಳೋರು ಯಾರೂ ಇಲ್ಲೇನ್ರಿ?"

"ಅಂವ ಹೀರೋ ಅದಾನ್ರಿ ಅತ್ತಿಯಾರ."

"ಹೀರೋ ಆದ್ರ ಅವ್ವ ಅಪ್ಪ ಇರಬಾರದೇನು? ಆ ಹುಡುಗಿ ಒಲ್ಲೆ ಅಂತ ಬಾಯಿ ಬಿಟ್ಟು ಹೇಳ್ಯಾಳ. ಮತ್ಯಾಕ ಬೆನ್ನ ಹತ್ಯಾನ?"

"ಆಮ್ಯಾಲೆ ಒಪ್ಪತಾಳ್ರಿ."

"ಯಾಕ ಒಪ್ಪತಾಳ? ಬ್ಯಾಸರಾಗಿ ಒಪ್ಪತಾಳ! ನಮ್ಮ ಓಣ್ಯಾಗ ಚಾಪಿ ಮಾರೋವ ಬರ್ತಾನ. ನಾಕ್ ಸಲ ಬಾಗಲಾ ಬಡದ್ರ ಐದನೇ ಸಲ ನಾನೂ ಒಂದು ಚಾಪಿ ತೊಗೋತೇನಿ. ಅದಕ್ಕ ಪ್ರೀತಿ ಅಂತಾರೇನ್ರಿ?"

ನಾಯಕಿ ಒಪ್ಪಿದಾಗ ಇಡೀ ಥಿಯೇಟರು ಸಿಳ್ಳೆ ಹಾಕಿತು. ನನಗೆ ಮಾತ್ರ ಅವಳ ಕಂಕುಳಲ್ಲಿ ಸುತ್ತಿದ ಚಾಪೆ ಕಂಡಿತು.

ದೆವ್ವದ ಸಿನಿಮಾ ಇನ್ನೂ ಕಷ್ಟ. ಅವತ್ತು ನನ್ನ ಹೆಂಡತಿ ಮೊದಲ ಹತ್ತು ನಿಮಿಷಕ್ಕೇ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು ಗಂಡಸು, ಮುಚ್ಚಿಕೊಳ್ಳುವ ಹಾಗಿಲ್ಲ. ಹಾಗಾಗಿ ಕನ್ನಡಕ ತೆಗೆದು ಒರೆಸುತ್ತ ಕೂತಿದ್ದೆ. ಹಾಳು ಬಂಗಲೆ, ಕಿರ್ರೆನ್ನುವ ಬಾಗಿಲು, ಗೋಡೆಯ ತುಂಬ ಜೇಡರ ಬಲೆ. ಆ ಸದ್ದಿಲ್ಲದ ಕತ್ತಲಲ್ಲಿ ಅತ್ತೆಯವರ ದನಿ ಎದ್ದಿತು. "ಅಯ್ಯ ಶಿವನ! ಇಷ್ಟು ದೊಡ್ಡ ಮನ್ಯಾಗ ಒಂದು ಕಸಬರಿಗಿ ಇಲ್ಲ!"

ಆಮೇಲೆ ದೆವ್ವವೇ ಬಂತು. ಬಿಳಿ ಸೀರೆ, ಮುಖದ ಮೇಲೆ ಬಿಟ್ಟ ಕೂದಲು. ಜನ ಉಸಿರು ಹಿಡಿದರು. ಅತ್ತೆಯವರು ಮುಂದೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದರು. "ನೆತ್ತಿಗೆ ಒಂದೀಟು ಎಣ್ಣಿ ಹಚ್ಚಿ, ಬಿಗಿಯಾಗಿ ಒಂದು ಹೆಳಲ ಹಾಕಿದ್ರ ಎಷ್ಟು ಛಂದ ಕಾಣಸ್ತಾಳ ಹುಡುಗಿ!"

ನಮ್ಮ ಸಾಲು ನಕ್ಕಿತು, ಹಿಂದಿನ ಸಾಲು ನಕ್ಕಿತು. ದೆವ್ವ ಪಾಪ ಎಷ್ಟು ಕಿರುಚಿದರೂ ಮತ್ತೆ ಅದಕ್ಕೆ ಮರ್ಯಾದೆ ಸಿಗಲಿಲ್ಲ. ಮುಂದೆ ಕೂತಿದ್ದ ತರುಣನೊಬ್ಬ ತಿರುಗಿ ಕೈಮುಗಿದ. "ಅಜ್ಜಿ, ಹೆದರಾಕಂತ ಟಿಕೆಟ್ ತೆಗದು ಬಂದೇವ್ರಿ. ಸ್ವಲ್ಪರ ಹೆದರಾಕ ಬಿಡ್ರಿ!"

ಹೊಡೆದಾಟದ ಸಿನಿಮಾ ಅಂದರೆ ನನಗೆ ಬಹಳ ಇಷ್ಟ ಇತ್ತು. ಇತ್ತು! ಈಗ ಅದನ್ನೂ ನೆಮ್ಮದಿಯಿಂದ ನೋಡಲಾರೆ. ನಾಯಕನೊಬ್ಬ ಸಂತೆಯ ನಡುವೆ ದಾಂಡಿಗರನ್ನು ಎತ್ತೆತ್ತಿ ಒಗೆಯುತ್ತಿದ್ದ. ಒಗೆದ ಪ್ರತಿಯೊಬ್ಬನೂ ಗುರಿ ಇಟ್ಟ ಹಾಗೆ ಕಾಯಿಪಲ್ಲೆಯ ಗಾಡಿಯ ಮೇಲೇ ಬೀಳುತ್ತಿದ್ದ. ಅತ್ತೆಯವರು ಎದ್ದು ನಿಂತರು.

"ಡಬ್ಬುಮೆಣಸಿನಕಾಯಿ ಹೋತು! ಅಯ್ಯಯ್ಯ, ಟೊಮೆಟೊ ಗಾಡೀನೂ ಹೋತು!"

"ಯವ್ವಾ, ಕುಂದರ ಬೇ!" ಎಂದು ನನ್ನ ಹೆಂಡತಿ ಅವರ ಕೈ ಜಗ್ಗಿದಳು.

"ಆ ಗಾಡಿಯಾವ ಎಲ್ಲಿ ಹೋದ? ಅವನ್ನ ಒಂದು ಸಲ ತೋರಿಸ್ಲಿ, ಕುಂದರ್ತೇನಿ."

ತೋರಿಸಲಿಲ್ಲ. ಅತ್ತೆಯವರು ಹೊರಗೆ ಹೋಗಿ ಎರಡು ಸುತ್ತು ಹಾಕಿ ಬಂದರು. ನಾಯಕ ಊರು ಉದ್ಧಾರ ಮಾಡಿ ಹಾರ ಹಾಕಿಸಿಕೊಂಡಾಗಲೂ "ಬಂದಿದ್ನೇನ್ರಿ ಅಂವ?" ಎಂದು ಕೇಳಿದರು. ಮುಂದೆ ಎಷ್ಟೋ ದಿನ ನಾನು ಬೆಂಗೇರಿಗೆ ಹೋದಾಗಲೆಲ್ಲ ಆ ಗಾಡಿಯವನ ಸುದ್ದಿ ಬಂದೇ ಬರುತ್ತಿತ್ತು, ಯಾರೋ ಸಮೀಪದ ನೆಂಟನ ಹಾಗೆ.

ಪತ್ತೇದಾರಿ ಸಿನಿಮಾದಲ್ಲಂತೂ ಅವರು ಪೊಲೀಸರಿಗಿಂತ ಮೊದಲೇ ಕೊಲೆಗಾರನನ್ನು ಹಿಡಿಯುತ್ತಾರೆ. ತಪ್ಪು ಮನುಷ್ಯನನ್ನು ಹಿಡಿಯುತ್ತಾರೆ, ಆ ಮಾತು ಬೇರೆ. ಒಂದರಲ್ಲಿ ಅವರ ಅನುಮಾನ ಮನೆಯ ಡ್ರೈವರನ ಮೇಲೆ. ಯಾಕೆಂದರೆ ಅವನು ಚಹಾ ಕೊಟ್ಟರೆ ಬೇಡ ಅಂದಿದ್ದ. ಕಡೆಗೆ ಡಾಕ್ಟರನೇ ಕೊಲೆಗಾರ ಎಂದು ಗೊತ್ತಾಯಿತು. ಅವನೇ ಅಳುತ್ತ ಒಪ್ಪಿಕೊಂಡ. ನಮ್ಮನ್ನು ಕಳಿಸಲು ಬಂದು ಧಾರವಾಡದ ಬಸ್ಸು ಕಾಯುತ್ತ ನಿಂತಾಗಲೂ ಅತ್ತೆಯವರ ಸಂಕಟ ತಣ್ಣಗಾಗಿರಲಿಲ್ಲ.

"ಪಾಪ, ಆ ಡಾಕ್ಟರ್ ಏನೂ ಮಾಡಿಲ್ಲ ಬಿಡ್ರಿ."

"ಅವನಽ ಒಪ್ಪಿಕೊಂಡಾನಲ್ರಿ!"

"ಒದ್ದು ಒಪ್ಪಿಸ್ಯಾರ!"

ಇಷ್ಟಾದ ಮೇಲೆ ನನಗೊಂದು ದುರ್ಬುದ್ಧಿ ಬಂತು. ನಾನಿರುವುದು ಧಾರವಾಡದಲ್ಲಿ. ಅಲ್ಲಿ ಆಗಾಗ ಒಂದು ಸಭಾಂಗಣದಲ್ಲಿ ತಿಳಿದವರೆಲ್ಲ ಸೇರಿ ಕಲಾತ್ಮಕ ಚಿತ್ರ ನೋಡಿ, ನೋಡಿದ ಮೇಲೆ ಗಡ್ಡ ನೀವಿಕೊಳ್ಳುತ್ತ ಚರ್ಚೆ ಮಾಡುತ್ತಾರೆ. ಗಾಡಿ ಇಲ್ಲ, ದೆವ್ವ ಇಲ್ಲ, ಬೆನ್ನು ಹತ್ತುವವರಿಲ್ಲ, ಇದರಲ್ಲಿ ಅತ್ತೆಯವರಿಗೆ ಕೆಲಸವೇ ಸಿಗಲಿಕ್ಕಿಲ್ಲ ಎಂದುಕೊಂಡು ಕರೆದುಕೊಂಡು ಹೋದೆ. ಸಿನಿಮಾದಲ್ಲಿ ಒಬ್ಬ ವಯಸ್ಸಾದ ಮನುಷ್ಯ ಕಟ್ಟೆಯ ಮೇಲೆ ಕೂತಿದ್ದ. ಕೂತೇ ಇದ್ದ. ರಸ್ತೆ ನೋಡಿದ, ಆಕಾಶ ನೋಡಿದ, ಒಂದು ಸಲ ಕೆಮ್ಮಿದ. ಸುತ್ತಲಿನವರು ಆ ಕೆಮ್ಮಿನ ಅರ್ಥ ಹುಡುಕುತ್ತಿರುವಾಗ ಅತ್ತೆಯವರು ನನ್ನ ಕಿವಿಯಲ್ಲಿ, ಅಂದರೆ ಇಡೀ ಸಭಾಂಗಣಕ್ಕೆ ಕೇಳುವಂತೆ, ಅಂದರು:

"ಇದನ್ನ ನೋಡಾಕ ಇಲ್ಲೀತನಕ ಬರಬೇಕಿತ್ತೇನ್ರಿ? ನಿಮ್ಮ ಮಾವನವ್ರು ಮನ್ಯಾಗ ದಿನಾ ಇದನ್ನಽ ಮಾಡ್ತಾರಲ್ಲ!"

ನನ್ನ ಹೆಂಡತಿ ಅವತ್ತು ಸಿಟ್ಟಾದಳು. "ಕುಂದರಾಕ ಆಗೂದಿಲ್ಲ, ಸುಮ್ಮನಿರಾಕ ಆಗೂದಿಲ್ಲ. ಮತ್ಯಾಕ ಪಿಚ್ಚರ್‌ಗೆ ಬರ್ತಿ ಬೇ ನೀನು?"

ಅತ್ತೆಯವರಿಗೆ ಬೇಸರವೇನೂ ಆಗಲಿಲ್ಲ. "ಮನ್ಯಾಗ ಇದ್ರ ಬರೇ ನಮ್ಮ ಮನೀ ಚಿಂತಿ," ಅಂದರು. "ಅಲ್ಲಿ ಹ್ವಾದ್ರ ಮಂದೀ ಚಿಂತಿ. ಹಗುರಾಕ್ಕೈತಿ."

ನಾವಿಬ್ಬರೂ ನಕ್ಕೆವು.

ಹೋದ ವರ್ಷ ನನ್ನ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಮಾಡಿ ತೆಗೆಯಬೇಕು, ತೆಗೆದ ಮೇಲೇ ಅದು ಎಂಥದೆಂದು ಹೇಳಬಹುದು ಎಂದರು ಡಾಕ್ಟರು. ಮಾವನವರು ನಮ್ಮ ಮಗಳನ್ನು ಶಾಲೆಗೆ ಕಳಿಸಲು ಧಾರವಾಡದ ನಮ್ಮ ಮನೆಯಲ್ಲಿ ಉಳಿದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾನು, ಅತ್ತೆಯವರು ಇಬ್ಬರೇ. ಬೆಳಿಗ್ಗೆ ಅವಳನ್ನು ಗಾಲಿಮಂಚದ ಮೇಲೆ ಒಳಗೆ ತೆಗೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲ ಹತ್ತಿರ ಹೋದೆ, ನೀರು ಕುಡಿಯಲು ಹೋದೆ, ಕುಡಿಯದೇ ಬಂದೆ, ಕಿಟಕಿಯ ಹತ್ತಿರ ಹೋಗಿ ಕೆಳಗಿನ ಗಾಡಿಗಳನ್ನು ನೋಡಿದೆ. ಗೋಡೆಗೆ ಅಂಟಿಸಿದ್ದ ಸಕ್ಕರೆ ಕಾಯಿಲೆಯ ಸೂಚನೆಗಳನ್ನು ಓದಿದೆ. ಒಂದಕ್ಷರವೂ ತಲೆಗೆ ಹೋಗಲಿಲ್ಲ.

"ಅಳಿಯಂದ್ರ, ಬರ್ರಿ ಇಲ್ಲೆ. ಕುಂದರ್ರಿ. ಒಂದು ಪಿಚ್ಚರ್ ಕಥಿ ಹೇಳ್ತೇನಿ."

ಸಿಟ್ಟು ಬಂತು. ಇದೇನು ಹೊತ್ತೇ ಅದಕ್ಕೆ! ಆದರೆ ಅವರು ನನ್ನ ಅಂಗಿಯ ತೋಳು ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು.

"ಒಂದೂರಾಗ ಒಬ್ಬಾಕಿ ಸಣ್ಣ ಹುಡುಗಿ ಇದ್ಲು. ಬಾಳ ಹುಡುಗಾಟಕಿ. ಒಂದಿನ ಸಂತ್ಯಾಗ ಕಳದ ಹೋದ್ಲು."

"ಆಮ್ಯಾಲೆ?"

"ಸಿಕ್ಲು. ಬಳಿ ಅಂಗಡಿ ಮುಂದ ನಿಂತಿದ್ಲು. ಮುಂದ ಒಂದಿನ ಹಿತ್ತಲದಾಗ ಆಡೂ ಮುಂದ ಒಂದು ಹಾವು ಬಂತು."

"ಹಾವು ಏನು ಮಾಡ್ತ್ರಿ?"

"ಏನು ಮಾಡ್ತೈತಿ? ಹೋತು."

ಎಂಥ ಕಥೆ ಇದು! ಹುಡುಗಿಗೆ ಜ್ವರ ಬಂತು, ಬಿಟ್ಟಿತು. ಮರ ಏರಿದಳು, ಟೊಂಗೆ ಮುರಿಯಿತು, ಕೆಳಗೆ ಹುಲ್ಲಿನ ಬಣವೆ ಇತ್ತು. ಬಂದ ಗಂಡಾಂತರವನ್ನೆಲ್ಲ ಅತ್ತೆಯವರು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತಿದ್ದರು.

"ವಿಲನ್ ಯಾರೂ ಇಲ್ಲೇನ್ರಿ ಅತ್ತಿಯಾರ ಇದರಾಗ?"

"ಒಬ್ಬಾಂವ ಬಂದಿದ್ದ. ಚಹಾ ಕುಡಿಸಿ ಕಳಿಸಿದ್ರು."

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಎದುರಿಗೆ ಕೂತಿದ್ದವರು ತಿರುಗಿ ನೋಡಿದರು. ಅತ್ತೆಯವರು ನಗಲಿಲ್ಲ, ನಿಲ್ಲಿಸಲೂ ಇಲ್ಲ. ಹುಡುಗಿ ಬೆಳೆದಳು, ಸಾಲಿ ಕಲಿತಳು, ಮದುವೆಯಾಯಿತು. "ಗಂಡ ಸ್ವಲ್ಪ ಪುಕ್ಕಲ ಇದ್ದ. ಆದ್ರ ಮನುಷ್ಯಾ ಛಲೋ." ಒಂದು ಹೆಣ್ಣು ಕೂಸು ಹುಟ್ಟಿತು. ಆಗ ನನಗೆ ಇದು ಯಾರ ಕಥೆ ಎಂದು ತಿಳಿಯಿತು.

"ಎಲ್ಲಾ ಛಲೋ ಇತ್ತು," ಅಂದರು ಅತ್ತೆಯವರು. "ಹಿಂಗಿರೂ ಮುಂದ, ಒಂದಿನ ಆ ಹುಡುಗಿಗೆ ಆರಾಮ ಇಲ್ಲದಂಗಾತು…"

ಅಲ್ಲಿಗೆ ಕಥೆ ನಿಲ್ಲಿಸಿಬಿಟ್ಟರು. ನಾನು ಕಾದೆ. ಹಾವನ್ನು ಕಳಿಸಿದವರು, ಟೊಂಗೆಯ ಕೆಳಗೆ ಬಣವೆ ಒಟ್ಟಿದವರು, ಈಗ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತರು.

ಎಷ್ಟು ಹೊತ್ತಾಯಿತೋ. ಬಾಗಿಲು ತೆರೆದು ಡಾಕ್ಟರು ಬಂದರು. ಗಡ್ಡೆ ಪೂರ್ತಿ ತೆಗೆದಿದ್ದೇವೆ, ಅಲ್ಲೇ ಪರೀಕ್ಷೆ ಮಾಡಿಸಿದ್ದೇವೆ, ಕೆಟ್ಟದ್ದೇನೂ ಇಲ್ಲ, ಇನ್ನೊಂದು ತಾಸಿಗೆ ಎಚ್ಚರವಾಗುತ್ತಾಳೆ ಎಂದರು. ನಾನು ದಡಬಡಿಸಿ ಏಳಲು ಹೋದೆ. ಆಗಲಿಲ್ಲ. ಅತ್ತೆಯವರ ಮುಷ್ಟಿಯಲ್ಲಿ ನನ್ನ ಅಂಗಿಯ ತೋಳು ಹಾಗೇ ಇತ್ತು. ಡಾಕ್ಟರು ಹೇಳಿದ್ದು ಅವರ ಕಿವಿಗೆ ಬಿದ್ದಿರಲೇ ಇಲ್ಲ. ಅವರ ಕಣ್ಣು ಇನ್ನೂ ಬಾಗಿಲ ಮೇಲೇ ಇತ್ತು.

ನಾನು ಮತ್ತೆ ಅವರ ಪಕ್ಕಕ್ಕೆ ಕೂತೆ. ಅವರ ಕೈ ಮೇಲೆ ಕೈ ಇಟ್ಟೆ.

"ಆಮ್ಯಾಲೆ ಆಕಿಗೆ ಆರಾಮಾತ್ರಿ, ಅತ್ತಿಯಾರ."

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಖರೇ?"

"ಖರೇನ ರೀ. ಗಡ್ಡಿ ತೆಗದಾರ. ಕೆಟ್ಟದ್ದೇನೂ ಇಲ್ಲಂತ. ಇನ್ನೊಂದು ತಾಸಿಗೆ ಕಣ್ಣ ತೆರೀತಾಳ."

ಅಳಿಯನ ಮುಂದೆ ತಲೆಯ ಮೇಲಿನ ಸೆರಗು ಒಂದು ದಿನವೂ ಜಾರಗೊಡದ ಆ ಹೆಂಗಸು, ನನ್ನ ತೋಳಿಗೆ ಹಣೆ ಒತ್ತಿ, ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.