ಗೋಣಿ, ನುಸಿ ಮತ್ತು ಗಡಹಿಂಗ್ಲಜದ ಕುಸ್ತಿ

ಮೂಲೆಗುಂಪಾದ ಪ್ರಾಣಿಗಳಿಗೆ ನ್ಯಾಯ ಕೊಡಿಸಲೆಂದೇ ನಾನು ಹುಟ್ಟಿದ್ದೇನೆ ಎಂದು ಕಳೆದ ಕಾರ್ತಿಕದಲ್ಲಿ ಘೋಷಿಸಿದೆ. ಘೋಷಿಸಿದ್ದು ಅಡುಗೆಮನೆಯಲ್ಲಿ. ಕೇಳಿಸಿಕೊಂಡಿದ್ದು ನನ್ನ ಹೆಂಡತಿ ಸುವರ್ಣಾ ಮತ್ತು ಒಲೆಯ ಮೇಲಿದ್ದ ಕುಕ್ಕರು. ಕುಕ್ಕರಾದರೂ ಸೀಟಿ ಹೊಡೆಯಿತು, ಸುವರ್ಣಾ ಅದನ್ನೂ ಮಾಡಲಿಲ್ಲ.

ಗಾಬರಿಯಾಗಬೇಡಿ, ಈ ಪ್ರಾಣಿಗಳು ಬೀದಿಯಲ್ಲಿಲ್ಲ, ಫೋನಿನಲ್ಲಿವೆ. ಅದೊಂದು ವಿಡಿಯೋ ಗೇಮು. ಅದರ ಅಸಲಿ ಹೆಸರು ನಮ್ಮ ಮಗ್ಗದ ಊರು ಇಚಲಕರಂಜಿಯ ನಾಲಗೆಗೆ ಯಾವತ್ತೂ ಒಗ್ಗಲಿಲ್ಲ, ನಮ್ಮ ಓಣಿಯಲ್ಲಿ ಅದು ಮೊದಲಿನಿಂದಲೂ ‘ಪ್ರಾಣಿ ಕುಸ್ತಿ’. ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಡಾವು ಅಂದರೆ ಕುಸ್ತಿಯ ಪಟ್ಟು ಕಲಿಸಿ, ಇನ್ನೊಬ್ಬರ ಪ್ರಾಣಿಗಳ ಎದುರು ಅಖಾಡಕ್ಕೆ ಇಳಿಸಬೇಕು. ಎರಡೂ ಕಡೆಯವರು ತಮ್ಮ ತಮ್ಮ ಡಾವನ್ನು ಗುಟ್ಟಾಗಿ ಒತ್ತುತ್ತಾರೆ. ಆಮೇಲೆ ಯಾವ ಪ್ರಾಣಿ ಚುರುಕೋ ಅದು ಮೊದಲು ಹೊಡೆಯುತ್ತದೆ. ಹೀಗಾಗಿ ಎಲ್ಲರಿಗೂ ಬೇಕಾದದ್ದು ಬೆಂಕಿ ಸರ್ಪ, ಸಿಡಿಲು ಹದ್ದು. ನಿಧಾನದ ಪ್ರಾಣಿಗಳನ್ನು ಯಾರೂ ಮೂಸಿ ನೋಡುವುದಿಲ್ಲ.

ನನಗೆ ಹದಿನೈದು ವರ್ಷವಾಗಿದ್ದಾಗ ನಾವು ನಾಲ್ವರು ಗೆಳೆಯರು ಸೇರಿ ಕೊಲ್ಹಾಪುರದಿಂದ ಯಾರೋ ಆಡಿ ಬಿಟ್ಟ ಅಂಗೈಯಗಲದ ಯಂತ್ರವೊಂದನ್ನು ತಂದಿದ್ದೆವು. ಅದರ ಪರದೆಗೆ ಸ್ವಂತ ಬೆಳಕಿರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಾಲ್ಕು ತಲೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಆಡುತ್ತಿದ್ದೆವು. ಹತ್ತಿಯ ಧೂಳು ಪರದೆಯ ಮೇಲೆ ಕೂರುತ್ತಿತ್ತು, ಉಫ್ ಎಂದು ಊದಿ ಮುಂದುವರಿಯುತ್ತಿದ್ದೆವು. ನನಗಿಂತ ದೊಡ್ಡವರಾದ ಆ ಮೂವರು ಒಳ್ಳೊಳ್ಳೆಯ ಪ್ರಾಣಿಗಳನ್ನೆಲ್ಲ ಹಂಚಿಕೊಂಡ ಮೇಲೆ ನನ್ನ ಪಾಲಿಗೆ ಉಳಿದದ್ದು ಗೋಣಿ ಮತ್ತು ನುಸಿ.

ಅಕ್ಕಿಚೀಲಕ್ಕೆ ಎರಡು ಕಣ್ಣು ಬರೆದು ಕೆಸರಿನಲ್ಲಿ ಉರುಳಿಸಿದರೆ ಹೇಗಿರುತ್ತದೋ ಹಾಗಿತ್ತು ಗೋಣಿ. ಇಡೀ ಆಟದಲ್ಲಿ ಅದಕ್ಕಿಂತ ನಿಧಾನದ ಜೀವ ಇನ್ನೊಂದಿಲ್ಲ. ನುಸಿಯೋ, ಒಂದು ಪೆಟ್ಟಿಗೆ ಹಾರಿಹೋಗುವ ಗಿರಾಕಿ. ಆದರೆ ಅದಕ್ಕೆ ಒಂದು ಡಾವು ಗೊತ್ತಿತ್ತು, ಹೆಸರು ‘ಉಲ್ಟಾ ಪಾಳಿ’. ಅದನ್ನು ಹಾಕಿದರೆ ಐದು ಸುತ್ತು ಅಖಾಡದ ಕಾನೂನೇ ತಿರುಗಿಬಿಡುತ್ತದೆ. ಎಲ್ಲರಿಗಿಂತ ನಿಧಾನ ಯಾರೋ ಅವರು ಮೊದಲು ಹೊಡೆಯುತ್ತಾರೆ. ಆಗ ಗೋಣಿ ಧೊಪ್ಪನೆ ಮೈಮೇಲೆ ಬಿದ್ದರೆ ಬೆಂಕಿ ಸರ್ಪದ ಅಪ್ಪನೂ ಏಳುವುದಿಲ್ಲ. ಇದನ್ನು ಕಂಡುಹಿಡಿದ ದಿನ ನಾನು ಶೆಡ್ಡಿನಲ್ಲಿ ಕುಣಿದಿದ್ದೆ. ಆ ಮೂವರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಆ ಗೋಣಿಯನ್ನು ನಾನು ಹಳೆಯ ಯಂತ್ರದಿಂದ ಹೊಸದಕ್ಕೆ, ಹೊಸದರಿಂದ ಫೋನಿಗೆ, ಬಾಡಿಗೆ ಮನೆ ಬದಲಿಸಿದ ಹಾಗೆ ಸಾಗಿಸಿಕೊಂಡು ಬಂದಿದ್ದೇನೆ. ಗೆಳೆಯರು ಚದುರಿದರು. ಧೋಟಾ, ಅಂದರೆ ಲಾಳಿ, ಓಡುವ ಹಳೆಯ ಮಗ್ಗಗಳನ್ನು ಮಾಲೀಕರು ಗುಜರಿಗೆ ಹಾಕಿದರು, ನಾಲ್ಕು ಮಗ್ಗವಿದ್ದ ನನ್ನ ಅಪ್ಪನೂ. ಉಳಿದದ್ದು ಗೋಣಿ, ಅದರ ಬೆನ್ನಿಗೆ ನುಸಿ.

ಈಗ ಕುಕ್ಕರಿನ ವಿಷಯ. ಅವತ್ತು ಕುರುಂದವಾಡದಿಂದ ನನ್ನ ಅತ್ತೆ ಬಾಳಕ್ಕ ಊಟಕ್ಕೆ ಬರುವವರಿದ್ದರು. ಮೂರು ಸೀಟಿಗೆ ಒಲೆ ಆರಿಸಿ ಎಂದು ಹೇಳಿ ಸುವರ್ಣಾ ಅವರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದಳು. ನಾನು ಗೋಣಿಗೆ ತಾಲೀಮು ಕೊಡುತ್ತ ಕೂತೆ. ಎಷ್ಟು ಸೀಟಿಯಾಯಿತೋ ಲೆಕ್ಕ ಸಿಗಲಿಲ್ಲ. ಅವರಿಬ್ಬರೂ ಬರುವ ಹೊತ್ತಿಗೆ ಬೇಳೆ ಕುಕ್ಕರಿನ ತಳವಾಗಿ ಹೋಗಿತ್ತು. ಬಾಳಕ್ಕ ಮೂಗಿಗೆ ಸೆರಗು ಹಿಡಿದು ಉಪ್ಪಿನಕಾಯಿ ಹಚ್ಚಿಕೊಂಡು ಜೋಳದ ಭಕ್ಕರಿ ತಿಂದು ಹೋದರು.

“ಆ ಗೋಣಿ ಇರಬೇಕು, ಇಲ್ಲಾ ನಮ್ಮನಿ ಕುಕ್ಕರ ಇರಬೇಕು,” ಎಂದಳು ಸುವರ್ಣಾ.

ಅದೇ ಸಂಜೆ ದಾನೋಳಿಯ ಸುಕುಮಾರನ ಫೋನು. ಎರಡು ವಾರದ ಮೇಲೆ ಗಡಹಿಂಗ್ಲಜದಲ್ಲಿ ಇಬ್ಬಿಬ್ಬರು ಸೇರಿ ಆಡುವ ಜೋಡಿ ಕುಸ್ತಿಯ ಪಂದ್ಯವಿತ್ತು, ಅವನು ನನ್ನ ಜೊತೆಗಾರ.

“ದೋಸ್ತಾ, ನನಗ ಬರಾಕ ಆಗೂದಿಲ್ಲ. ಕಬ್ಬು ಕಡಿಯೋ ಟೋಳಿ ಪಂದ್ಯದ ದಿನಾನ ಹೊಲಕ್ಕ ಬರತೈತಿ. ಅವತ್ತ ಬಿಟ್ರ ಮತ್ತ ಒಂದ ತಿಂಗಳ ಸಿಗೂದಿಲ್ಲ ಅವ್ರು.”

ಕಬ್ಬಿನ ಟೋಳಿಯ ಮುಂದೆ ಯಾವ ಸ್ನೇಹವೂ ನಿಲ್ಲುವುದಿಲ್ಲ. ನಾನು ಮಸಿ ಹಿಡಿದ ಕುಕ್ಕರನ್ನು ತಿಕ್ಕುತ್ತಿದ್ದ ಹೆಂಡತಿಯ ಪಕ್ಕ ಹೋಗಿ ನಿಂತೆ.

“ಸುವರ್ಣಾ, ನೀ ನನ್ನ ಜೋಡಿ ಆಡ್ತಿಯೇನು?”

“ಆಡ್ತೇನಿ. ಸೋತ್ರ ಏನ ಮಾಡ್ತೀರಿ?”

“ಸೋಲೂದಿಲ್ಲ.”

“ಸೋತ್ರ ಅಂದೆ.”

“ಸೋತ್ರ ಈ ಆಟನ ಬಿಟ್ಟಬಿಡ್ತೇನಿ. ಬಸವಣ್ಣನ ಆಣೆ.”

ಆಣೆ ಬಾಯಿಂದ ಹೊರಬಿದ್ದಾಗಿತ್ತು. ಆದರೂ ಧೈರ್ಯಗೆಡಲಿಲ್ಲ. ನನ್ನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು.

ನಾನು ಮಗ್ಗ ರಿಪೇರಿ ಮಾಡುವ ಜಾಬರ್. ಸುವರ್ಣಾ ಮದುವೆಗೆ ಮುಂಚೆ ನಾನಿದ್ದ ಶೆಡ್ಡಿನಲ್ಲೇ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುತ್ತಿದ್ದಳು. ನಲವತ್ತು ಮಗ್ಗಗಳು ಒಟ್ಟಿಗೆ ಖಟಖಟ ಎನ್ನುವ ಜಾಗದಲ್ಲಿ ಕೂಗಿದರೆ ಪಕ್ಕದವನಿಗೂ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಯಾರೂ ಕೂಗುವುದಿಲ್ಲ. ದನಿಯಿಲ್ಲದೆ ತುಟಿ ಆಡಿಸಿದರೆ ಸಾಕು, ಆಚೆ ಗೋಡೆಯ ಬಳಿ ನಿಂತವರಿಗೂ ತಿಳಿಯುತ್ತದೆ. ಸುವರ್ಣಾ ನನಗೆ ಆಡಿದ ಮೊದಲ ಮಾತೂ ಹಾಗೇ ಬಂದದ್ದು. ಎಂಟು ಮಗ್ಗಗಳ ಆಚೆಯಿಂದ, “ಅಂಗಿ ಗುಂಡಿ ಹರದೈತಿ ನೋಡ್ರಿ.” ನಾನು ಎದೆ ಮುಟ್ಟಿ ನೋಡಿಕೊಂಡೆ. ಆಮೇಲೆ ಎರಡು ವರ್ಷ ನಾವು ಮಾತಾಡಿದ್ದೆಲ್ಲ ತುಟಿಯಲ್ಲೇ, ಮೇಲ್ವಿಚಾರಕ ಮುಕಾದಮನ ಕಣ್ಣ ಮುಂದೆಯೇ. ಈಗ ನಮ್ಮದು ಸದ್ದಿಲ್ಲದ ಓಣಿಯಲ್ಲಿ ಮನೆ, ಎಲ್ಲ ಮಾತೂ ಗಟ್ಟಿಯಾಗಿ ಕೇಳಿಸುತ್ತದೆ. ಜಗಳ ಶುರುವಾದದ್ದು ಆಗಿನಿಂದಲೇ ಎಂದು ನನ್ನ ಅಂದಾಜು.

ಜೋಡಿ ಕುಸ್ತಿಯಲ್ಲಿ ಜೊತೆಗಾರರು ಮಾತಾಡಬಹುದು. ಆದರೆ ಎದುರಿನವರು ಒಂದು ಮೇಜಿನ ಆಚೆಗೇ ಕೂತಿರುತ್ತಾರೆ. ಎಲ್ಲರೂ ಕಿವಿಯಲ್ಲಿ ಪಿಸುಗುಡುತ್ತಾರೆ, ಅರ್ಧ ಗುಟ್ಟು ಬಯಲಾಗುತ್ತದೆ. ನಮ್ಮದು ಹಾಗಲ್ಲ. ಲೋಕದ ಎದುರಿಗೇ ಮಾತಾಡುತ್ತೇವೆ, ಲೋಕಕ್ಕೆ ಏನೂ ಕೇಳುವುದಿಲ್ಲ. ಈ ಉಪಾಯ ಹೊಳೆದಾಗ ನನ್ನ ಬುದ್ಧಿಗೆ ನಾನೇ ಕೈಮುಗಿದೆ.

ಸುವರ್ಣಾ ಹತ್ತು ದಿನದಲ್ಲಿ ಆಟ ಕಲಿತಳು. ನುಸಿಯನ್ನು ಅವಳಿಗೆ ಕೊಟ್ಟೆ. ಅವಳ ಪ್ರಶ್ನೆಗಳು ಮಾತ್ರ ನನಗೆ ಹಿಡಿಸಲಿಲ್ಲ.

“ಉಲ್ಟಾ ಪಾಳಿ ಹಾಕೂಕಿಂತ ಮೊದಲ ಯಾರರ ನುಸಿನ್ನ ತಡದ್ರ?”

“ಯಾರ ತಡೀತಾರ? ನಾವು ಏನ ಮಾಡ್ತೇವಂತ ಅವ್ರಿಗೆ ಗೊತ್ತಾಗಬೇಕಲಾ ಮೊದಲ.”

ಗಡಹಿಂಗ್ಲಜದ ಆ ಪಂದ್ಯ ನಡೆದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನದ ಮದುವೆಯ ಚೆಂಡು ಹೂ ಇನ್ನೂ ಕಂಬಗಳಲ್ಲಿ ಬಾಡಿ ನೇತಾಡುತ್ತಿತ್ತು. ಎಂಟು ಜೋಡಿಗಳು. ಬಹುತೇಕ ಕಾಲೇಜಿನವರು. ನಮ್ಮನ್ನು ನೋಡಿ ಒಬ್ಬ ಮರಾಠಿಯಲ್ಲಿ, “ಕಾಕಾ, ಪಾಲಕ ತಿಕಡೆ ಬಸಾ,” ಎಂದು ಪೋಷಕರ ಕುರ್ಚಿಗಳನ್ನು ತೋರಿಸಿದ. ನಾನು ಮುಗುಳ್ನಕ್ಕು ಆಟಗಾರರ ಮೇಜಿಗೆ ಹೋಗಿ ಕೂತೆ.

ಮೊದಲ ಜೋಡಿ ಆರು ನಿಮಿಷದಲ್ಲಿ ಮಲಗಿತು. ನುಸಿ ಉಲ್ಟಾ ಪಾಳಿ ಹಾಕಿತು, ಗೋಣಿ ಬಿತ್ತು, ಸಿಡಿಲು ಹದ್ದು ಚಪ್ಪಟೆ. ಎರಡನೆಯ ಜೋಡಿಗೆ ನಾಲ್ಕೇ ನಿಮಿಷ. ಜನ ನಮ್ಮ ಮೇಜಿನ ಸುತ್ತ ಸೇರತೊಡಗಿದರು. “ಯಾವ ಪ್ರಾಣಿರಿ ಅದು? ನೋಡೇ ಇಲ್ಲಲಾ,” ಎಂದು ಯಾರೋ ಕೇಳಿದಾಗ, ಇಪ್ಪತ್ತೈದು ವರ್ಷದ ಹಿಂದಿನ ಆ ಟ್ಯೂಬ್‌ಲೈಟಿನ ಕೆಳಗೆ ಮತ್ತೆ ನಿಂತ ಹಾಗಾಯಿತು. ಸುಳ್ಳೇಕೆ ಹೇಳಲಿ, ಕಣ್ಣು ಒದ್ದೆಯಾಯಿತು.

ಫೈನಲ್ಲಿಗೆ ಎದುರಾದವರು ರುತುಜಾ ಎಂಬ ಕಾಲೇಜು ಹುಡುಗಿ ಮತ್ತು ಅವಳ ಅಜ್ಜಿ ಯಮುನವ್ವ. ಹುಡುಗಿಯದು ಬೆಂಕಿ ಸರ್ಪ. ಅಜ್ಜಿಯದು ಇಳಕಲ್ಲ ಸೀರೆ, ಮೂಗಿನ ತುದಿಗೆ ಕನ್ನಡಕ, ದವಡೆಯಲ್ಲಿ ಎಲೆಯಡಿಕೆ. ಆಕೆಯ ಪ್ರಾಣಿ ಒಂದು ಬಡಕಲು ಕೋಳಿ. ಅದಕ್ಕೆ ಚೆನ್ನಾಗಿ ಬರುವುದೆಂದರೆ ‘ಅಣಕ’ ಎಂಬ ಡಾವು. ಅಣಕಿಸಿಕೊಂಡ ಪ್ರಾಣಿ ಸಿಟ್ಟಿಗೆದ್ದು ಆ ಸುತ್ತು ಸುಮ್ಮನೆ ಮೈಮೇಲೆ ಏರಿ ಹೋಗಬಹುದು, ಬೇರೆ ಡಾವು ಹಾಕುವ ಹಾಗಿಲ್ಲ. ಯಾರನ್ನು, ಯಾವಾಗ ಅಣಕಿಸಬೇಕು ಎಂದು ಗೊತ್ತಿಲ್ಲದಿದ್ದರೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಪಾಪ, ಮೊಮ್ಮಗಳಿಗೆ ಯಾರೂ ಜೊತೆಗಾರರು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ.

“ಮೊದಲ ಸುತ್ತಿಗೇ ಉಲ್ಟಾ ಪಾಳಿ ಹಾಕು,” ಎಂದು ಸುವರ್ಣಾಳಿಗೆ ತುಟಿಯಲ್ಲೇ ಹೇಳಿದೆ.

ಕೋಳಿ ಚಂಗನೆ ಹಾರಿ ನುಸಿಯನ್ನು ಅಣಕಿಸಿತು. ಉಲ್ಟಾ ಪಾಳಿ ಗಂಟಲಲ್ಲೇ ಉಳಿಯಿತು. ಗೋಣಿಗೆ ಬೆಂಕಿ ಸರ್ಪದ ಮೊದಲ ಪೆಟ್ಟು ಬಿತ್ತು. ಇರಲಿ, ಕುರುಡು ಗುರಿ ಎಂದುಕೊಂಡೆ.

“ಈಗ ಇಬ್ಬರೂ ಕೋಳೀನ್ನ ಹೊಡೆಯೋಣು,” ಎಂದಿತು ನನ್ನ ತುಟಿ.

ಕೋಳಿ ಆ ಸುತ್ತು ರೆಕ್ಕೆ ಮುಚ್ಚಿಕೊಂಡು ಗಟ್ಟಿಯಾಗಿ ಕೂತುಬಿಟ್ಟಿತು. ನಮ್ಮ ಎರಡೂ ಪೆಟ್ಟು ವ್ಯರ್ಥ. ಸರ್ಪ ಗೋಣಿಗೆ ಇನ್ನೊಂದು ಬಾರಿಸಿತು.

ಸುವರ್ಣಾ ನನ್ನ ಕಡೆ ತಿರುಗಿದಳು. ದನಿಯಿಲ್ಲದೆ ಹೇಳಿದಳು: “ಆ ಆಯಿ ನಮ್ಮ ಬಾಯಿ ನೋಡಾಕತ್ತಾಳ.”

ನಾನೂ ದನಿಯಿಲ್ಲದೆ ಹೇಳಿದೆ: “ಮುದುಕಿ. ಕಣ್ಣ ಕಾಣೂದಿಲ್ಲ, ಎಲ್ಲ್ಯಾರ ನೋಡಬೇಕಲಾ.”

ಯಮುನವ್ವ ಎಲೆಯಡಿಕೆ ಜಗಿಯುವುದನ್ನು ಒಂದು ಕ್ಷಣ ನಿಲ್ಲಿಸಿ ಮತ್ತೆ ಜಗಿಯತೊಡಗಿದಳು.

ಸುವರ್ಣಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನಗೆ ಏನೋ ಹೇಳತೊಡಗಿದಳು. ಸೆರಗಿನೊಳಗಿನ ತುಟಿಯನ್ನು ಬ್ರಹ್ಮನೂ ಓದಲಾರ. ನನಗೆ ಸಿಟ್ಟು ಬಂತು. “ಸೆರಗ ತಗೀ. ಬಾಯಿ ಬಿಚ್ಚಿ ಹೇಳು,” ಎಂದೆ. ಅವಳು ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ನಾನೇ ದೊಡ್ಡ ಯೋಜನೆಯನ್ನು ಸ್ಪಷ್ಟವಾಗಿ, ಒಂದೊಂದು ಅಕ್ಷರ ಬಿಡಿಸಿ, ತುಟಿ ಅಗಲಿಸಿ ವಿವರಿಸಿದೆ: ಗೋಣಿ ಈ ಸುತ್ತು ಮುದುಡಿ ಕೂರುತ್ತದೆ, ನುಸಿ ಮತ್ತೆ ಉಲ್ಟಾ ಪಾಳಿಗೆ ಹೋಗಲಿ.

ಕೋಳಿ ನುಸಿಯನ್ನು ಅಣಕಿಸಿತು. ಸರ್ಪ ಗೋಣಿಯ ಗೊಡವೆಗೇ ಹೋಗದೆ ನುಸಿಯನ್ನು ಸುಟ್ಟಿತು. ಅಖಾಡದಲ್ಲಿ ಗೋಣಿ ಒಂಟಿಯಾಗಿ ನಿಂತಿತು. ಅದರ ಪಾಳಿ ಬರುವ ಮುನ್ನವೇ ಎರಡು ಕಡೆಯಿಂದ ಪೆಟ್ಟು ಬಿದ್ದವು. ನನ್ನ ಗೋಣಿ ಮೆಲ್ಲಗೆ ಪಕ್ಕಕ್ಕೆ ವಾಲಿತು. ಅದು ಬೀಳುವುದೂ ನಿಧಾನ.

ಚಪ್ಪಾಳೆಯ ನಡುವೆ ಯಮುನವ್ವ ನನ್ನನ್ನೇ ನೋಡಿದಳು. ಆಕೆಯ ತುಟಿ ಆಡಿತು, ದನಿ ಒಂದಿಷ್ಟೂ ಹೊರಡಲಿಲ್ಲ. ಆದರೂ ನನಗೆ ಸ್ಪಷ್ಟವಾಗಿ ಕೇಳಿಸಿತು.

“ತಮ್ಮಾ, ಭಾಳ ಒದರ್ತೀಯಪಾ ನೀ.”

ನಾನು ಕುರ್ಚಿಯಿಂದ ಅರ್ಧ ಎದ್ದೆ. ಈಗ ಆಕೆ ಗಟ್ಟಿಯಾಗಿಯೇ ಹೇಳಿದಳು. “ಇಪ್ಪತ್ತೆರಡ ವರ್ಷ ಇಚಲಕರಂಜ್ಯಾಗ ಕಾಂಡಿ ಮಶಿನ್ ಮುಂದ ಕುಂತೇನಿ. ಮುದುಕಿ ಅದೇನಿ, ಖರೆ ಐತಿ. ಕಣ್ಣ ಚೊಲೊ ಅದಾವು.”

ಸುವರ್ಣಾ ಎದ್ದುಹೋಗಿ ಆಕೆಯ ಕಾಲು ಮುಟ್ಟಿದಳು. ಯಾವ ಶೆಡ್ಡು, ಯಾವ ಪಾಳಿ, ಮುಕಾದಮ ಯಾರು ಎಂದು ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಪ್ರಾಣಿಗಳನ್ನು ಕಡೆಗಣಿಸಬೇಡಿ ಎಂದು ಊರಿಗೆಲ್ಲ ಸಾರುತ್ತ ಬಂದ ನಾನು ಎದುರು ಕೂತ ಮನುಷ್ಯರನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾಚಿಕೆಯಾಯಿತು.

ಬರುವಾಗ ಎಸ್‌ಟಿ ಬಸ್ಸಿನಲ್ಲಿ ಫೋನು ತೆಗೆದೆ. ಆಣೆ ಆಣೆಯೇ. ಗೋಣಿ ಪರದೆಯ ಮೇಲೆ ಕೂತು ಕಣ್ಣು ಪಿಳಿಪಿಳಿ ಮಾಡುತ್ತಿತ್ತು. ಅದಕ್ಕೇನು ಗೊತ್ತು. ಅಳಿಸಿಹಾಕುವ ಗುಂಡಿಯ ಮೇಲೆ ಬೆರಳಿಟ್ಟವನಿಗೆ ಒತ್ತಲು ಆಗಲಿಲ್ಲ. ಅಪ್ಪ ಕೊನೆಯ ಮಗ್ಗವನ್ನು ಗುಜರಿ ಗಾಡಿಗೆ ಏರಿಸಿದ ದಿನ ನಾನು ಅತ್ತಿರಲಿಲ್ಲ, ಈಗ ಅಳು ಬಂತು.

ಸುವರ್ಣಾ ನನ್ನ ಬೆರಳನ್ನು ಗುಂಡಿಯಿಂದ ಆಚೆ ಸರಿಸಿದಳು. ಆಮೇಲೆ, “ಅಳಸಬ್ಯಾಡ್ರಿ. ನನ್ನ ಫೋನಿಗೆ ಕಳಸ್ರಿ,” ಎಂದಳು.

“ನಿನಗ್ಯಾಕ?”

“ಆಣೆ ಮಾಡಿದಾವ್ರು ನೀವು. ನಾ ಮಾಡಿಲ್ಲ. ಬರೂ ತಿಂಗಳ ಕೊಲ್ಹಾಪುರದಾಗ ದೊಡ್ಡ ಪಂದ್ಯ ಐತಿ. ಯಮುನವ್ವನ ಜೋಡಿ ಹೆಸರ ಕೊಟ್ಟೇನಿ.”

ಆ ತಿಂಗಳೆಲ್ಲ ಮನೆಯಲ್ಲಿ ವಿಚಿತ್ರ ಮೌನ. ಸುವರ್ಣಾ ವಿಡಿಯೋ ಕಾಲ್ ಹಚ್ಚಿ ಕೂರುತ್ತಿದ್ದಳು, ಆ ಕಡೆ ಗಡಹಿಂಗ್ಲಜದಲ್ಲಿ ಯಮುನವ್ವ. ಇಬ್ಬರೂ ತಾಸುಗಟ್ಟಲೆ ತುಟಿ ಆಡಿಸುತ್ತಿದ್ದರು, ದನಿ ಮಾತ್ರ ಇಲ್ಲ. ನಾನು ಒಲೆಯ ಮುಂದೆ ನಿಂತು ಮೂರು ಸೀಟಿ ಎಣಿಸುತ್ತಿದ್ದೆ.

ಕೊಲ್ಹಾಪುರದಲ್ಲಿ ಅವರು ಫೈನಲ್ ತಲುಪಿದರು. ನಾನು ಮೇಜಿನ ಪಕ್ಕದಲ್ಲೇ, ಇಬ್ಬರ ಚೀಲಗಳನ್ನೂ ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ಕೊನೆಯ ಸುತ್ತು. ಕೋಳಿ ಬಿದ್ದಿದೆ, ಗೋಣಿ ಒಂದೇ ಉಳಿದಿದೆ, ಜೀವ ಕುತ್ತಿಗೆಗೆ ಬಂದಿದೆ. ಆಗ ಸುವರ್ಣಾ ತಲೆಯೆತ್ತಿ, ಅಷ್ಟೂ ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು. ಅವಳ ತುಟಿ ಆಡಿತು.

ನನ್ನ ಎದೆ ಉಬ್ಬಿತು. ಎಷ್ಟಾದರೂ ಗೋಣಿಯನ್ನು ಸಾಕಿದವನು ನಾನು, ಇಂಥ ಹೊತ್ತಿನಲ್ಲಿ ಇನ್ನಾರನ್ನು ಕೇಳಿಯಾಳು. ಅವಳು ಏನೆಂದಳೆಂದು ಪೂರ್ತಿ ನೋಡುವ ಮೊದಲೇ ನಾನು ತುಟಿಯಲ್ಲಿ ಉಪದೇಶ ಸುರು ಹಚ್ಚಿಕೊಂಡೆ: ಮುದುಡಿ ಕೂರಿಸು, ಒಂದು ಸುತ್ತು ತಡಿ, ಆಮೇಲೆ ಮೈಮೇಲೆ ಬೀಳು.

ಸುವರ್ಣಾ ಕಣ್ಣು ಮುಚ್ಚಿ ತೆರೆದಳು. ಮತ್ತೊಮ್ಮೆ ಹೇಳಿದಳು, ಈ ಸಲ ಒಂದೊಂದು ಅಕ್ಷರ ಬಿಡಿಸಿ.

“ಆಚೀಕ ಸರೀರಿ. ಫ್ಯಾನಿನ ಗಾಳಿ ಬರವಲ್ದು.”

ಸರಿದೆ. ಅವರು ಗೆದ್ದರು.